ಸ್ಟಾರ್ ಬಂದರೆ ಹೌಸ್‌ಫುಲ್, ಸ್ಟಾರ್ ಹೋದರೆ?

ಪ್ರಶ್ನೆ: ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ಮ್ಯೂಸಿಕಲ್‌ಗಳಲ್ಲಿ, ಅಂದರೆ ಹಾಡು ಕುಣಿತದ ನಾಟಕಗಳಲ್ಲಿ, ಸಿನಿಮಾದವರನ್ನೋ ಪಾಪ್ ಗಾಯಕರನ್ನೋ ಮುಖ್ಯ ಪಾತ್ರಕ್ಕೆ ಹಾಕಿಕೊಳ್ಳುತ್ತಾರಲ್ಲ, ಅದರಿಂದ ಟಿಕೆಟ್ ನಿಜವಾಗಿಯೂ ಜಾಸ್ತಿ ಹೋಗುತ್ತಾ? ಹೋಗುವುದಾದರೆ, ಸ್ಟಾರ್ ಬಿಟ್ಟ ಕೂಡಲೇ ಎಷ್ಟೋ ನಾಟಕಗಳು ಮುಚ್ಚಿಹೋಗುವುದು ಯಾಕೆ?

ಹೋಗುತ್ತದೆ. ಆದರೆ ಸ್ಟಾರ್ ಬಂದಾಗ ಏರುವುದು ಟಿಕೆಟ್‌ಗಳ ಸಂಖ್ಯೆಗಿಂತ ಅವುಗಳ ಬೆಲೆ. ಇದೊಂದನ್ನು ಹಿಡಿದುಕೊಂಡರೆ ನಿಮ್ಮ ಎರಡನೇ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕ ಹಾಗೆ.

ಸಿನಿಮಾ ಗೆದ್ದರೆ ಇನ್ನಷ್ಟು ಊರುಗಳಿಗೆ, ಇನ್ನಷ್ಟು ಪರದೆಗಳಿಗೆ ಕಳಿಸಬಹುದು. ರಂಗಮಂದಿರದಲ್ಲಿ ಅದಾಗದು. ಅಲ್ಲಿರುವ ಕುರ್ಚಿ ಇದ್ದಷ್ಟೇ. ನ್ಯೂಯಾರ್ಕಿನ ಶೂಬರ್ಟ್ ಥಿಯೇಟರಿನಲ್ಲಿ ಹೆಚ್ಚುಕಡಿಮೆ 1,460 ಸೀಟು. ಬ್ರಾಡ್‌ವೇಯಲ್ಲಿ ವಾರಕ್ಕೆ ಎಂಟು ಪ್ರದರ್ಶನ. ಗುಣಿಸಿದರೆ ವಾರಕ್ಕೆ ಹನ್ನೊಂದೂವರೆ ಸಾವಿರ ಚಿಲ್ಲರೆ ಟಿಕೆಟ್. ಯಾವ ಸ್ಟಾರ್ ಬಂದರೂ ಇದಕ್ಕೆ ಒಂದು ಕುರ್ಚಿ ಸೇರುವುದಿಲ್ಲ. ಹಾಗಾದರೆ ಗಳಿಕೆ ಏರುವುದು ಹೇಗೆ? ಅದೇ ಕುರ್ಚಿಗೆ ಜಾಸ್ತಿ ದುಡ್ಡು ಕೇಳಬೇಕು, ಅಷ್ಟೆ.

ಇದೇ ಶೂಬರ್ಟಿನಲ್ಲಿ 2017ರಲ್ಲಿ 'ಹಲೋ, ಡಾಲಿ!' ಮತ್ತೆ ರಂಗಕ್ಕೆ ಬಂತು. ಮುಖ್ಯ ಪಾತ್ರ ಡಾಲಿಯಾಗಿ ಗಾಯಕಿ, ಸಿನಿಮಾ ತಾರೆ ಬೆಟ್ ಮಿಡ್ಲರ್. ನಾಟಕ ಶುರುವಾಗಲು ಇನ್ನೂ ತಿಂಗಳುಗಳಿದ್ದಾಗಲೇ, 2016ರ ಸೆಪ್ಟೆಂಬರಿನಲ್ಲಿ ಬುಕಿಂಗ್ ತೆರೆದ ಮೊದಲ ದಿನ 90 ಲಕ್ಷ ಡಾಲರ್ ಮೀರಿದ ಟಿಕೆಟ್ ಹೋಯಿತು. ಆಗಿನ ಮಟ್ಟಿಗೆ ಅದು ಬ್ರಾಡ್‌ವೇ ದಾಖಲೆ. ಒಂದು ದೃಶ್ಯವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ವಿಮರ್ಶೆಯೂ ಬಂದಿರಲಿಲ್ಲ. ಜನ ಕೊಂಡದ್ದು ಒಂದು ಹೆಸರನ್ನು.

ನಾಟಕ ಶುರುವಾದ ಮೇಲೆ ವಾರದ ಗಳಿಕೆ 20 ಲಕ್ಷ ಡಾಲರ್ ದಾಟಿತು. ಆದರೆ ಮಿಡ್ಲರ್ ಮಂಗಳವಾರ ಬರುತ್ತಿರಲಿಲ್ಲ. ಆವತ್ತಿನ ಡಾಲಿ ಡೊನಾ ಮರ್ಫಿ. ಬ್ರಾಡ್‌ವೇಯ ಅತಿ ದೊಡ್ಡ ಪ್ರಶಸ್ತಿಯಾದ ಟೋನಿಯನ್ನು ಎರಡು ಸಲ ಗೆದ್ದ ನಟಿ. ಅದೇ ಹಾಡು, ಅದೇ ಬಟ್ಟೆ, ಅದೇ ಮೆಟ್ಟಿಲು, ಅದೇ ವಾದ್ಯವೃಂದ. ಆದರೂ ಮಂಗಳವಾರದ ಟಿಕೆಟ್ ಅಗ್ಗ. 2018ರ ಜನವರಿಯಲ್ಲಿ ಮಿಡ್ಲರ್ ಬಿಟ್ಟರು, ಬರ್ನಡೆಟ್ ಪೀಟರ್ಸ್ ಬಂದರು. ರಂಗಭೂಮಿಯನ್ನು ಬಲ್ಲವರ ಮಟ್ಟಿಗೆ ಪೀಟರ್ಸ್ ಮಿಡ್ಲರ್‌ಗಿಂತಲೂ ದೊಡ್ಡ ಹೆಸರು ಎಂದರೆ ತಪ್ಪಿಲ್ಲ. ಆದರೂ ಗಳಿಕೆ ಆ 20 ಲಕ್ಷದ ಗೆರೆಗಿಂತ ಬಹಳ ಕೆಳಗೆ ಇಳಿಯಿತು. ಬೇಸಿಗೆಯಲ್ಲಿ ಕೊನೆಯ ಆರು ವಾರಕ್ಕೆ ಮಿಡ್ಲರ್ ವಾಪಸ್ ಬಂದದ್ದೇ ತಡ, ಮತ್ತೆ ಮೇಲೇರಿತು. 2018ರ ಆಗಸ್ಟ್ 25ಕ್ಕೆ ಪರದೆ ಬಿತ್ತು.

ಒಳ್ಳೆಯ ನಟಿ ಬೇರೆ, ಟಿಕೆಟ್ ಮಾರುವ ನಟಿ ಬೇರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪ್ರಯೋಗ ಬೇಕೆಂದರೂ ಸಿಗುವುದಿಲ್ಲ. ಬ್ರಾಡ್‌ವೇ ಪ್ರೇಕ್ಷಕರಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಹೊರಗಿನಿಂದ ಬಂದವರು. ನಗರದಲ್ಲಿ ನಾಲ್ಕು ದಿನ ಇರುತ್ತಾರೆ, ನೋಡುವುದು ಒಂದು ನಾಟಕ, ಹೆಚ್ಚೆಂದರೆ ಎರಡು. ಟೋನಿ ಯಾರಿಗೆ ಎಷ್ಟು ಬಂದಿದೆ ಎಂದು ಅವರು ಲೆಕ್ಕ ಇಟ್ಟಿರುವುದಿಲ್ಲ. ಗೊತ್ತಿರುವ ಮುಖ ಕಂಡರೆ ದುಡ್ಡು ದಂಡ ಆಗುವ ಭಯ ಅಷ್ಟು ಕಡಿಮೆ. ಇನ್ನು ಊರಿನಲ್ಲೇ ಇರುವವರಿಗೆ 'ಮುಂದಿನ ತಿಂಗಳು ನೋಡಿದರಾಯಿತು' ಎನ್ನುವ ಸೋಮಾರಿತನ ಇರುತ್ತದಲ್ಲ, ಅದನ್ನು ಸ್ಟಾರ್ ಮುರಿಯುತ್ತಾನೆ. ಇನ್ನು ಹನ್ನೆರಡೇ ವಾರ ಅಂದರೆ ಹನ್ನೆರಡೇ ವಾರ.

ನಿರ್ಮಾಪಕರಿಗೆ ಇನ್ನೊಂದು ಲಾಭವಿದೆ. ನನ್ನ ಪ್ರಕಾರ ದೊಡ್ಡದು ಇದೇ. ಸ್ಟಾರ್ ಇದ್ದರೆ ವಿಮರ್ಶೆ ಬರುವ ಮೊದಲೇ ದುಡ್ಡು ಬಂದಿರುತ್ತದೆ. 2003ರಲ್ಲಿ ಬಂದ 'ದಿ ಬಾಯ್ ಫ್ರಮ್ ಆಸ್' ನಾಟಕವನ್ನು ವಿಮರ್ಶಕರು ಅಷ್ಟಾಗಿ ಮೆಚ್ಚಲಿಲ್ಲ. ಮುಖ್ಯ ಪಾತ್ರ ಮಾಡಿದ ಸಿನಿಮಾ ನಟ ಹ್ಯೂ ಜಾಕ್‌ಮನ್ ಅವರನ್ನು ಮಾತ್ರ ಹೊಗಳಿದರು. ನಾಟಕ ಸುಮಾರು ಒಂದು ವರ್ಷ ಓಡಿತು, ಅವರು ಟೋನಿ ಗೆದ್ದರು. 2004ರ ಸೆಪ್ಟೆಂಬರಿನಲ್ಲಿ ಅವರು ಹೊರಟ ದಿನವೇ ನಾಟಕವೂ ಮುಗಿಯಿತು. ಬೇರೆಯವರನ್ನು ಹಾಕಿ ಎಳೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಅದು ಜಾಣತನ.

ಆ ಜಾಣತನಕ್ಕೆ ಅವಕಾಶವೇ ಇಲ್ಲದಿದ್ದರೆ ಏನಾಗುತ್ತದೆ? 'ನತಾಶಾ, ಪಿಯೆರ್ ಅಂಡ್ ದಿ ಗ್ರೇಟ್ ಕಾಮೆಟ್ ಆಫ್ 1812' ಕತೆ ಕೇಳಿ.

ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯ ಎಪ್ಪತ್ತು ಪುಟದಷ್ಟು ಭಾಗ ಹಿಡಿದು ಡೇವ್ ಮಲಾಯ್ ಎಂಬುವರು ಕಟ್ಟಿದ ಮ್ಯೂಸಿಕಲ್ ಇದು. 2012ರಲ್ಲಿ ಪುಟ್ಟ ಜಾಗವೊಂದರಲ್ಲಿ ಶುರುವಾಯಿತು. ಪಿಯೆರ್ ಪಾತ್ರವನ್ನು ಆಗ ಮಲಾಯ್ ತಾವೇ ಮಾಡಿದ್ದರು. 2016ರ ಕೊನೆಯಲ್ಲಿ ಬ್ರಾಡ್‌ವೇಯ ಇಂಪೀರಿಯಲ್ ಥಿಯೇಟರಿಗೆ ಬಂತು. ಥಿಯೇಟರಿನ ಒಳಗನ್ನೇ ಬಿಚ್ಚಿ ಹೊಸದಾಗಿ ಕಟ್ಟಿದರು. ಪ್ರೇಕ್ಷಕರಲ್ಲಿ ಕೆಲವರಿಗೆ ವೇದಿಕೆ ಮೇಲೇ ಸೀಟು. ನಟರು ಕುರ್ಚಿಗಳ ಮಧ್ಯೆ ಓಡಾಡುತ್ತಾ ಹಾಡುತ್ತಿದ್ದರು. ಹಾಕಿದ ಬಂಡವಾಳ 1 ಕೋಟಿ 40 ಲಕ್ಷ ಡಾಲರ್. ಇಷ್ಟು ವಿಚಿತ್ರವಾದ ನಾಟಕಕ್ಕೆ ಜನ ಬರಬೇಕಲ್ಲ? ಅದಕ್ಕೇ ಪಿಯೆರ್ ಆಗಿ ಬಂದರು ಜಾಶ್ ಗ್ರೋಬನ್. ಲಕ್ಷಾಂತರ ಆಲ್ಬಮ್ ಮಾರಿದ ಗಾಯಕ, ಬ್ರಾಡ್‌ವೇಗೆ ಹೊಸಬರು. ಮೈ ತುಂಬಿಸಿಕೊಳ್ಳಲು ಬಟ್ಟೆಯೊಳಗೆ ಪ್ಯಾಡಿಂಗ್ ಹಾಕಿಕೊಂಡು, ಅಕಾರ್ಡಿಯನ್ ನುಡಿಸುತ್ತಾ ಹಾಡಿದರು. ವಾರದ ಗಳಿಕೆ 10 ಲಕ್ಷ ಡಾಲರ್ ದಾಟಿತು. ಟೋನಿಗೆ 12 ನಾಮನಿರ್ದೇಶನ ಬಂತು. ಆ ವರ್ಷ ಅಷ್ಟು ಇನ್ಯಾವುದಕ್ಕೂ ಬಂದಿರಲಿಲ್ಲ. ಕೊನೆಗೆ ಸಿಕ್ಕಿದ್ದು ಎರಡು, ರಂಗಸಜ್ಜಿಕೆಗೆ ಒಂದು, ಬೆಳಕಿಗೆ ಒಂದು.

2017ರ ಜುಲೈ 2ಕ್ಕೆ ಗ್ರೋಬನ್ ಒಪ್ಪಂದ ಮುಗಿಯಿತು. ಮುಂದಿನ ಪಿಯೆರ್ ಓಕಿಯೆರಿಯೇಟೆ ಒನಾಡೊವಾನ್. 'ಹ್ಯಾಮಿಲ್ಟನ್' ಎಂಬ ಜನಪ್ರಿಯ ಮ್ಯೂಸಿಕಲ್‌ನ ಮೂಲ ತಂಡದಲ್ಲಿದ್ದವರು, ನಾಟಕದವರಿಗೆಲ್ಲ ಚೆನ್ನಾಗಿ ಗೊತ್ತು. ಆದರೆ ಗಲ್ಲಾಪೆಟ್ಟಿಗೆ ಅಲುಗಲಿಲ್ಲ. ಕೆಲವೇ ವಾರದಲ್ಲಿ ಹೊಸ ಪ್ರಕಟಣೆ ಬಂತು: ಆಗಸ್ಟ್ ಮಧ್ಯದಿಂದ ಮೂರು ವಾರ ಮ್ಯಾಂಡಿ ಪಟಿಂಕಿನ್ ಪಿಯೆರ್ ಆಗುತ್ತಾರೆ, ಒನಾಡೊವಾನ್ ಬೇಗ ಹೊರಡುತ್ತಾರೆ. ಕಪ್ಪು ವರ್ಣದ ನಟನನ್ನು ಸರಿಸಿ ಬಿಳಿಯ ಹಿರಿಯ ನಟನನ್ನು ತರುತ್ತಿದ್ದೀರಿ ಎಂದು ಗಲಾಟೆ ಎದ್ದಿತು. ಎರಡೇ ದಿನದಲ್ಲಿ ಪಟಿಂಕಿನ್ ಹಿಂದೆ ಸರಿದರು. ಒನಾಡೊವಾನ್ ಕೂಡ ಉಳಿಯಲಿಲ್ಲ. ಆಗಸ್ಟ್ ಮಧ್ಯದ ನಂತರದ ಬುಕಿಂಗ್ ತೀರಾ ಕೆಟ್ಟದಾಗಿತ್ತು, ಅದಕ್ಕೇ ಹೀಗೆ ಮಾಡಬೇಕಾಯಿತು ಎಂದು ಮಲಾಯ್ ಬಹಿರಂಗವಾಗಿಯೇ ಹೇಳಿಕೊಂಡರು. ಸೆಪ್ಟೆಂಬರ್ 3ಕ್ಕೆ ನಾಟಕ ನಿಂತಿತು. ಹಾಕಿದ ಅಸಲೂ ಹುಟ್ಟಲಿಲ್ಲ.

ಇಲ್ಲಿ ಯಾರದು ತಪ್ಪು? ಗ್ರೋಬನ್ ಅವರದಂತೂ ಅಲ್ಲ, ಒಪ್ಪಂದದಷ್ಟು ದಿನ ಹಾಡಿದರು. ಸಮಸ್ಯೆ ಇದ್ದದ್ದು ಲೆಕ್ಕದಲ್ಲಿ. ಇಂಥ ನಾಟಕ ಅಸಲು ಎತ್ತಲು ಬೇಕಾದ ವಾರಗಳು ಜಾಸ್ತಿ, ಸ್ಟಾರ್ ಕೊಡುವ ವಾರಗಳು ಕಡಿಮೆ. ಸಂಭಾಷಣೆಯ ನಾಟಕದಲ್ಲಿ ಈ ತೊಂದರೆ ಇಷ್ಟಿಲ್ಲ. ಐದಾರು ಪಾತ್ರ, ವಾದ್ಯವೃಂದವಿಲ್ಲ, ಹದಿನಾಲ್ಕು ಹದಿನೈದು ವಾರದಲ್ಲಿ ದುಡ್ಡು ಎತ್ತಿಕೊಂಡು ಹೊರಡಬಹುದು. ಮ್ಯೂಸಿಕಲ್ ಅಂದರೆ ಹತ್ತಾರು ನಟರು, ನರ್ತಕರು, ವಾದ್ಯದವರು, ಬಟ್ಟೆ ಬದಲಿಸಲು ನಿಂತವರು. ಸಂಬಳ, ಬಾಡಿಗೆ, ಜಾಹೀರಾತು ಎಲ್ಲಾ ಸೇರಿ ಪ್ರತಿ ವಾರದ ಖರ್ಚೇ ದೊಡ್ಡದು. ಸ್ಟಾರ್ ಇದ್ದರೆ ಆ ಖರ್ಚೂ ಏರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ದೊಡ್ಡ ಹೆಸರಿನವರಿಗೆ ವಾರದ ಸಂಬಳದ ಜೊತೆಗೆ ಗಳಿಕೆಯಲ್ಲೂ ಪಾಲು ಇರುವುದು ವಾಡಿಕೆ. 'ದಿ ಪ್ರೊಡ್ಯೂಸರ್ಸ್' 2001ರಲ್ಲಿ ನೇಥನ್ ಲೇನ್, ಮ್ಯಾಥ್ಯೂ ಬ್ರಾಡರಿಕ್ ಜೋಡಿಯಿಂದ ಧೂಳೆಬ್ಬಿಸಿತು. 480 ಡಾಲರಿನ ಪ್ರೀಮಿಯಂ ಟಿಕೆಟ್ ಎಂಬ ಹೊಸ ರೂಢಿ ಹುಟ್ಟಿದ್ದೇ ಅಲ್ಲಿ. 2002ರಲ್ಲಿ ಇಬ್ಬರೂ ಬಿಟ್ಟ ಮೇಲೆ ಲೇನ್ ಜಾಗಕ್ಕೆ ಬಂದ ಹೆನ್ರಿ ಗುಡ್‌ಮನ್ ಅವರನ್ನು ಒಂದು ತಿಂಗಳಿಗೇ ತೆಗೆದರು. 2003ರ ಕೊನೆಗೆ ಹಳೆಯ ಜೋಡಿಯನ್ನೇ ಕೆಲವು ತಿಂಗಳಿಗೆ ಕರೆಸಿದರು. ಅವರ ಸಂಬಳ ವಾರಕ್ಕೆ ತಲಾ ಒಂದು ಲಕ್ಷ ಡಾಲರ್ ಎಂದು ಆಗಿನ ಪತ್ರಿಕೆಗಳು ಬರೆದವು.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ 'ಹ್ಯಾಮಿಲ್ಟನ್'. ಬರೆದವರೂ ಮುಖ್ಯ ಪಾತ್ರ ಮಾಡಿದವರೂ ಆದ ಲಿನ್-ಮ್ಯಾನುಯೆಲ್ ಮಿರಾಂಡ 2016ರ ಜುಲೈ 9ಕ್ಕೆ ಬಿಟ್ಟರು. ಇನ್ನೇನು ಇಳಿಯುತ್ತದೆ ಅಂದುಕೊಂಡರೆ, ಅದೇ ನವೆಂಬರಿನಲ್ಲಿ ಎಂಟು ಪ್ರದರ್ಶನದ ಒಂದು ವಾರಕ್ಕೆ 30 ಲಕ್ಷ ಡಾಲರ್ ದಾಟಿದ ಮೊದಲ ಬ್ರಾಡ್‌ವೇ ನಾಟಕ ಅದಾಯಿತು. ಜನರಿಗೆ ಬೇಕಿದ್ದದ್ದು ನಾಟಕ. 'ದಿ ಲಯನ್ ಕಿಂಗ್' 1997ರಿಂದ ಓಡುತ್ತಿದೆ. ಅದರಲ್ಲಿ ಇವತ್ತು ನಾಯಕ ಸಿಂಬನ ಪಾತ್ರ ಮಾಡುವವರ ಹೆಸರು ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ.

ಇವೆರಡರ ಮಧ್ಯದ ದಾರಿ ಹಿಡಿದದ್ದು 'ಶಿಕಾಗೋ'. 1996ರಲ್ಲಿ ಮತ್ತೆ ರಂಗಕ್ಕೆ ಬಂದ ಈ ನಾಟಕ ಇನ್ನೂ ಓಡುತ್ತಿದೆ. ಗಾಯಕ ಅಷರ್ 2006ರಲ್ಲಿ ಬಂದು ಹೋದರು, ಪಮೇಲಾ ಆಂಡರ್ಸನ್ 2022ರಲ್ಲಿ, ಡ್ರ್ಯಾಗ್ ಕಲಾವಿದೆ ಜಿಂಕ್ಸ್ ಮಾನ್ಸೂನ್ 2023ರಲ್ಲಿ. ಪಟ್ಟಿ ಉದ್ದ ಇದೆ. ರಂಗದವರು ಇದನ್ನು 'ಸ್ಟಂಟ್ ಕಾಸ್ಟಿಂಗ್' ಎಂದು ಸ್ವಲ್ಪ ಮೂಗು ಮುರಿದೇ ಹೇಳುತ್ತಾರೆ. ಆದರೆ ಈ ನಾಟಕದ ಹೊಂದಿಕೆ ನೋಡಿ. ವೇದಿಕೆ ಮೇಲೇ ವಾದ್ಯವೃಂದ, ಬದಲಾಗುವ ಸೆಟ್ ಇಲ್ಲ, ಎಲ್ಲರದೂ ಕಪ್ಪು ಬಟ್ಟೆ. ವಕೀಲ ಬಿಲ್ಲಿ ಫ್ಲಿನ್ ದೊಡ್ಡ ಕುಣಿತ ಕುಣಿಯಬೇಕಿಲ್ಲ. ಜೈಲಿನ ಮೇಲ್ವಿಚಾರಕಿ ಮಾಮಾ ಮಾರ್ಟನ್‌ಗೆ ಇರುವುದು ಒಂದು ಒಂಟಿ ಹಾಡು, ಒಂದು ಜೋಡಿ ಹಾಡು. ಕೆಲವೇ ವಾರದ ತಾಲೀಮಿನಲ್ಲಿ ಹೊಸಬರನ್ನು ಒಳಗೆ ಕೂರಿಸಬಹುದು, ಸುತ್ತಲಿನ ನರ್ತಕರು ನಾಟಕವನ್ನು ಹೊತ್ತು ಸಾಗುತ್ತಾರೆ. ಸ್ಟಾರ್ ಹೋದರೂ ನಾಟಕ ಸಾಯುವುದಿಲ್ಲ, ಹೆಸರಿನ ಬಲದಿಂದ ಪಟ್ಟನೆ ಒಮ್ಮೆ ಏರುತ್ತದೆ, ಮತ್ತೆ ಮಾಮೂಲಿಗೆ ಬರುತ್ತದೆ.

ಹೊಸ ಉಪಾಯವೂ ಅಲ್ಲ ಇದು. 1964ರ ಮೊದಲ 'ಹಲೋ, ಡಾಲಿ!'ಯ ನಿರ್ಮಾಪಕ ಡೇವಿಡ್ ಮೆರಿಕ್, ಮೊದಲ ಡಾಲಿ ಕ್ಯಾರಲ್ ಚ್ಯಾನಿಂಗ್ ಬಿಟ್ಟ ಮೇಲೆ ಸಿನಿಮಾ ತಾರೆಯರಾದ ಜಿಂಜರ್ ರಾಜರ್ಸ್, ಬೆಟ್ಟಿ ಗ್ರೇಬಲ್ ಎಂದು ಒಬ್ಬರಾದ ಮೇಲೆ ಒಬ್ಬರನ್ನು ತಂದರು. 1967ರಲ್ಲಿ ಪರ್ಲ್ ಬೇಲಿ ಜೊತೆ ಇಡೀ ತಂಡವನ್ನೇ ಬದಲಿಸಿ ಪೂರ್ತಿ ಕಪ್ಪು ಕಲಾವಿದರ ತಂಡ ಕಟ್ಟಿದರು. ನಾಟಕ 1970ರ ಡಿಸೆಂಬರ್ ತನಕ 2,844 ಪ್ರದರ್ಶನ ಕಂಡಿತು.

ಹಾಗಂತ ಯಾವ ಹೆಸರಾದರೂ ನಡೆಯುತ್ತದೆ ಅಂತಲ್ಲ. ಹೆಸರಿಗೂ ಪಾತ್ರಕ್ಕೂ ಜನರ ತಲೆಯಲ್ಲಿ ನಂಟು ಇರಬೇಕು. 2022ರ 'ಫನ್ನಿ ಗರ್ಲ್' ಬೀನಿ ಫೆಲ್ಡ್‌ಸ್ಟೈನ್ ಜೊತೆ ಶುರುವಾಯಿತು. ಪರದೆಯಲ್ಲಿ ಒಳ್ಳೆಯ ಹೆಸರಿದ್ದ ನಟಿ, ಆದರೆ ಈ ಪಾತ್ರದ ಹಾಡುಗಳಿಗೆ ದನಿ ಸಾಲದು ಎಂದು ವಿಮರ್ಶಕರು ಬರೆದರು. ಬುಕಿಂಗ್ ಕುಸಿಯಿತು. ಸೆಪ್ಟೆಂಬರಿನಲ್ಲಿ ಲೀ ಮಿಶೆಲ್ ಬಂದರು. ಅವರೇನು ಸಿನಿಮಾ ತಾರೆಯಲ್ಲ. ಆದರೆ 'ಗ್ಲೀ' ಧಾರಾವಾಹಿಯಲ್ಲಿ ಇದೇ ಪಾತ್ರ ಮಾಡಬೇಕೆಂದು ಕನಸು ಕಾಣುವ ಹುಡುಗಿಯಾಗಿ, ಇದೇ ನಾಟಕದ ಹಾಡು ಹಾಡಿದ್ದರು. ವರ್ಷಗಟ್ಟಲೆ ಕಾದಿದ್ದವರು ಸಾಲುಗಟ್ಟಿದರು. ವರ್ಷದ ಕೊನೆಯ ರಜೆಯ ವಾರದಲ್ಲಿ ಗಳಿಕೆ 20 ಲಕ್ಷ ಡಾಲರ್ ದಾಟಿತು. ಗುರುವಾರ ಮಾತ್ರ ಜೂಲಿ ಬೆಂಕೊ ಹಾಡುತ್ತಿದ್ದರು. ಅವರಿಗೂ ಅಭಿಮಾನಿಗಳು ಹುಟ್ಟಿದರು, ಆದರೆ ಗುರುವಾರದ ಟಿಕೆಟ್ ಸುಲಭವಾಗಿ ಸಿಗುತ್ತಿತ್ತು.

ಸ್ಟಾರ್‌ಗೆ ಜ್ವರ ಬಂದರೆ? ನಿರ್ಮಾಪಕರ ನಿದ್ದೆ ಕೆಡಿಸುವುದು ಇದೇ. ಟಿಕೆಟ್ ಮೇಲೆ ನಾಟಕದ ಹೆಸರಿಗಿಂತ ಮೇಲೆ ನಟನ ಹೆಸರಿದ್ದು, ಆತ ಆವತ್ತು ಬಾರದಿದ್ದರೆ, ಪ್ರೇಕ್ಷಕರಿಗೆ ದುಡ್ಡು ವಾಪಸ್ ಕೊಡುವುದು ಅಥವಾ ಬೇರೆ ದಿನದ ಟಿಕೆಟ್ ಕೊಡುವುದು ಬ್ರಾಡ್‌ವೇ ರೂಢಿ. 2021ರ ಡಿಸೆಂಬರ್ 23ರಂದು 'ದಿ ಮ್ಯೂಸಿಕ್ ಮ್ಯಾನ್' ನಾಟಕದ ನಾಯಕಿ ಸಟನ್ ಫಾಸ್ಟರ್‌ಗೆ ಕೋವಿಡ್. ನಾಯಕ ಹ್ಯೂ ಜಾಕ್‌ಮನ್. ಕ್ಯಾಥಿ ವಾಯ್ಟ್‌ಕೊ ಎಂಬ ಸ್ವಿಂಗ್ ಕಲಾವಿದೆಯನ್ನು ಇಳಿಸಿದರು. ಸ್ವಿಂಗ್ ಅಂದರೆ ಹಲವು ಪಾತ್ರ ಕಲಿತು, ಯಾವ ದಿನ ಯಾವುದಕ್ಕೆ ಕರೆ ಬರುತ್ತದೋ ಎಂದು ಕಾಯುವವರು. ಮಧ್ಯಾಹ್ನ ತಾಲೀಮು, ರಾತ್ರಿ ರಂಗ. ನಾಟಕ ಮುಗಿದ ಮೇಲೆ ಜಾಕ್‌ಮನ್ ಪ್ರೇಕ್ಷಕರ ಮುಂದೆ ನಿಂತು ಆಕೆಯನ್ನೂ ಎಲ್ಲ ಸ್ವಿಂಗ್‌ಗಳನ್ನೂ ಕೊಂಡಾಡಿದರು. ಅದಾದ ಕೆಲವೇ ದಿನಕ್ಕೆ ಜಾಕ್‌ಮನ್‌ಗೇ ಕೋವಿಡ್ ಬಂತು, ಪ್ರದರ್ಶನಗಳು ಕೆಲವು ದಿನ ರದ್ದಾದವು. ವಾರಕ್ಕೆ 30 ಲಕ್ಷ ಡಾಲರ್ ದಾಟುತ್ತಿದ್ದ ಆ ನಾಟಕ 2023ರ ಜನವರಿ 15ಕ್ಕೆ, ಇಬ್ಬರೂ ಇದ್ದಾಗಲೇ ಮುಗಿಯಿತು.

ನಿಮಗೆ ಯಾವುದಾದರೂ ನಾಟಕದ ಭವಿಷ್ಯ ಊಹಿಸುವ ಆಸೆ ಇದ್ದರೆ, ನಿರ್ಮಾಪಕರ, ಥಿಯೇಟರ್ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ಪ್ರತಿ ವಾರ ಲೆಕ್ಕ ಬಿಡುಗಡೆ ಮಾಡುತ್ತದೆ. ಸೀಟು ಶೇಕಡಾ ಎಷ್ಟು ತುಂಬಿದೆ ಎಂಬುದನ್ನು ನೋಡಿ ಸುಮ್ನೆ ಮೋಸ ಹೋಗಬೇಡಿ, ಅಗ್ಗದ ಟಿಕೆಟ್ ಹಂಚಿಯೂ ಸೀಟು ತುಂಬಿಸಬಹುದು. ನೋಡಬೇಕಾದದ್ದು ಟಿಕೆಟ್‌ನ ಸರಾಸರಿ ಬೆಲೆ. ಅದರಲ್ಲೂ ಸ್ಟಾರ್ ರಜೆ ಹಾಕಿದ ವಾರದ್ದು.