ಐವಿಎಫ್ ಜೊತೆಗೆ ಚೀನಾದ ಸೂಜಿ: ಈ ಮಾತು ಎಲ್ಲಿಂದ ಬಂತು?

ಮದುವೆಯಾಗಿ ನಾಲ್ಕೈದು ವರ್ಷವಾದರೂ ಮಕ್ಕಳಾಗಿಲ್ಲ ಅಂದ್ರೆ ನಮ್ಮ ಕಡೆ ಸಲಹೆಗಳಿಗೆ ಬರವಿಲ್ಲ. ಗೋಕರ್ಣದಲ್ಲಿ ನಾಗಬಲಿ ಮಾಡಿಸಿ ಅನ್ನುವವರು ಒಬ್ಬರು. ಶಿರಸಿಯ ಮಾರಿಕಾಂಬೆಗೆ ಹರಕೆ ಹೊತ್ತುಕೊಳ್ಳಿ ಅನ್ನುವವರು ಇನ್ನೊಬ್ಬರು. ಘಟ್ಟದ ಮೇಲೆ ಬೇರು ಕೊಡುವವರಿದ್ದಾರೆ, ಒಂದು ಸಲ ಹೋಗಿಬನ್ನಿ ಅಂತ ಮೂರನೆಯವರು. ಶತಾವರಿ, ಅಶೋಕದ ತೊಗಟೆ, ಫಲಘೃತ ಎಲ್ಲ ಹಳೆಯ ಪರಿಚಯವೇ. ಕೆಲವು ವರ್ಷಗಳಿಂದ ಈ ಪಟ್ಟಿಗೆ ಹೊಸದೊಂದು ಸೇರಿದೆ: "ಐವಿಎಫ್ ಮಾಡಿಸುವಾಗ ಜೊತೆಗೆ ಚೀನಾದ ಸೂಜಿನೂ ಹಾಕಿಸಿದ್ರೆ ಫಲ ಜಾಸ್ತಿಯಂತೆ."

ಐವಿಎಫ್ ಅಂದರೆ ಅಂಡ, ವೀರ್ಯವನ್ನು ದೇಹದ ಹೊರಗೆ ಕೂಡಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ. ಚೀನಾದ ಸೂಜಿ ಅಂದರೆ ಮೈಯ ಕೆಲವು ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಆಕ್ಯುಪಂಕ್ಚರ್. ಈ "ಅಂತೆ" ಸುಮ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ನಿಜವಾದ ಅಧ್ಯಯನಗಳಿವೆ, ಅಂಕಿಗಳಿವೆ. ಆದರೆ ಮೊದಲ ಅಂಕಿ ಊರೂರು ಸುತ್ತಿತು. ಆಮೇಲೆ ಬಂದ ಅಂಕಿಗಳು ಬೆಂಗಳೂರು ದಾಟಿ ಈಚೆ ಬರಲೇ ಇಲ್ಲ.

ಮೊದಲು ಚೀನಾದ ಕಡೆ ನೋಡೋಣ. ಅಲ್ಲಿನ ಹಳೆ ವೈದ್ಯದಲ್ಲಿ ಹೆಂಗಸರ ತೊಂದರೆಗೆ ಮುಖ್ಯವಾಗಿ ಕೊಡುತ್ತಿದ್ದದ್ದು ಕಷಾಯ. ಸೂಜಿಗೆ ಎರಡನೇ ಜಾಗ. 1237ರಲ್ಲಿ ಚೆನ್ ಜಿಮಿಂಗ್ ಎಂಬ ವೈದ್ಯ ಹೆಂಗಸರ ಕಾಯಿಲೆಗಳ ಬಗ್ಗೆಯೇ ದೊಡ್ಡ ಗ್ರಂಥ ಬರೆದ. ಮುಟ್ಟಿನ ತೊಂದರೆ, ಸಂತಾನದ ಬಯಕೆ, ಬಸಿರು, ಬಾಣಂತನ ಎಲ್ಲಕ್ಕೂ ಅದರಲ್ಲಿ ಮದ್ದು ಇದೆ. 17ನೇ ಶತಮಾನದ ಫು ಶಾನ್ ಹೆಸರಿನಲ್ಲಿ ಬಂದ ಮದ್ದುಗಳನ್ನು ಇವತ್ತಿಗೂ ಅಲ್ಲಿ ಬರೆದುಕೊಡುತ್ತಾರೆ. ಡಾಂಗ್‌ಗುಯಿ ಎಂಬ ಬೇರು ಇವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರ ಪ್ರಕಾರ ಸಂತಾನಶಕ್ತಿ ಇರುವುದು ಮೂತ್ರಪಿಂಡದಲ್ಲಿ. ಇದು ಸ್ಕ್ಯಾನಿಂಗಿನಲ್ಲಿ ಕಾಣುವ ಕಿಡ್ನಿ ಅಂದುಕೊಳ್ಳಬೇಡಿ. ದೇಹವನ್ನು ಅರ್ಥಮಾಡಿಕೊಳ್ಳಲು ಅವರು ಹಾಕಿಕೊಂಡ ಲೆಕ್ಕ ಅದು, ನಮ್ಮಲ್ಲಿ ವಾತ, ಪಿತ್ತ, ಕಫ ಇರುವ ಹಾಗೆ.

ಸೂಜಿಯ ಕಥೆ ಬೇರೆ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅದನ್ನು ರಾಜವೈದ್ಯ ಸಂಸ್ಥೆಯಿಂದ ತೆಗೆದುಹಾಕಿದ್ದ! ಅದು ಮತ್ತೆ ಮೇಲೆ ಬಂದದ್ದು ಮಾವೊ ಕಾಲದಲ್ಲಿ. ಹಳ್ಳಿಹಳ್ಳಿಗೆ ಡಾಕ್ಟರನ್ನು ಕಳಿಸುವಷ್ಟು ಡಾಕ್ಟರುಗಳಿರಲಿಲ್ಲ. ಹಳೆ ವೈದ್ಯವನ್ನೇ ಒಟ್ಟುಮಾಡಿ, ಪಠ್ಯ ಬರೆಸಿ, 1956ರಲ್ಲಿ ಬೀಜಿಂಗ್, ಶಾಂಘೈ ಮುಂತಾದ ಕಡೆ ಕಾಲೇಜು ತೆರೆದರು. ಇವತ್ತು ನಾವು ಒಂದೇ ಪದ್ಧತಿ ಅಂದುಕೊಂಡಿರುವ "ಸಾಂಪ್ರದಾಯಿಕ ಚೀನೀ ವೈದ್ಯ" ಒಂದು ಅಚ್ಚಿಗೆ ಬಂದದ್ದು ಆಗಲೇ. ಅಂದರೆ ಮದ್ದುಗಳು ಸಾವಿರಾರು ವರ್ಷ ಹಳೆಯವು ಇರಬಹುದು, ಕಟ್ಟು ಮಾತ್ರ ನಮ್ಮ ಅಜ್ಜಂದಿರ ಕಾಲದ್ದು.

ಅಮೆರಿಕಕ್ಕೆ ಸೂಜಿಯ ಹುಚ್ಚು ಹತ್ತಿಸಿದ್ದು ಒಬ್ಬ ಪತ್ರಕರ್ತ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗಿಗೆ ಹೋದಾಗ ಅಪೆಂಡಿಕ್ಸ್ ಆಪರೇಷನ್ ಆಯ್ತು. ಅದನ್ನು ಮಾಡಿದ್ದು ಮಾಮೂಲಿ ಅರಿವಳಿಕೆ ಔಷಧ ಕೊಟ್ಟೇ. ಮರುದಿನ ಹೊಟ್ಟೆಯುಬ್ಬರಕ್ಕೆ ಸೂಜಿ ಹಾಕಿದರು. ಅವರು ಊರಿಗೆ ಬರೆದ ವರದಿ ಬಾಯಿಂದ ಬಾಯಿಗೆ ಹೋಗುತ್ತಾ "ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರಂತೆ" ಆಯ್ತು. ಭಾರತಕ್ಕೆ ಅದು ಬಂದದ್ದು ಅದಕ್ಕೂ ಮೊದಲೇ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸ್ ಜೊತೆ ಬಿ.ಕೆ. ಬಸು ಅನ್ನುವವರೂ ಇದ್ದರು. ಇದೇ ಬಸು 1950ರ ದಶಕದ ಕೊನೆಯಲ್ಲಿ ಕಲ್ಕತ್ತಾದಲ್ಲಿ ಆಕ್ಯುಪಂಕ್ಚರ್ ಶುರುಮಾಡಿದರು.

ಇತ್ತ ಐವಿಎಫ್. ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ಅಕ್ಟೋಬರ್ 3ರಂದು ಕಲ್ಕತ್ತಾದ ಸುಭಾಷ್ ಮುಖೋಪಾಧ್ಯಾಯ ಕೂಡ ಗೆದ್ದಿದ್ದರು. ಸರ್ಕಾರಿ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆ ಕಥೆಗೆ ಬೇರೆಯದೇ ಲೇಖನ ಬೇಕು. ಇಲ್ಲಿಗೆ ಬೇಕಾದ ವಿಷಯ ಇಷ್ಟು: ಐವಿಎಫ್ ದುಬಾರಿ, ನೋವಿನ ಚಿಕಿತ್ಸೆ, ಮೇಲಾಗಿ ಬಹುಪಾಲು ಪ್ರಯತ್ನಗಳು ಸೋಲುತ್ತವೆ. ಡಾಕ್ಟರ ಕೈಯಲ್ಲಿ ಭ್ರೂಣ ಚೆನ್ನಾಗಿಯೇ ಇರುತ್ತದೆ, ಗರ್ಭಕೋಶಕ್ಕೆ ಬಿಟ್ಟಮೇಲೆ ಅಂಟಿಕೊಳ್ಳುವುದಿಲ್ಲ. ಯಾಕೆ ಅಂತ ಎಷ್ಟೋ ಸಲ ಯಾರಿಗೂ ಹೇಳಲಾಗುವುದಿಲ್ಲ. ಬೇರೆ ಚಿಕಿತ್ಸೆಗಳು ಬಂದು ಸೇರಿಕೊಳ್ಳುವುದು ಇಂಥ ಸಂದಿಯಲ್ಲೇ.

1996ರಲ್ಲಿ ಸ್ವೀಡನ್ನಿನ ಎಲಿಸಬೆತ್ ಸ್ಟೆನರ್-ವಿಕ್ಟೋರಿನ್ ಮತ್ತು ಸಂಗಡಿಗರು ಮಕ್ಕಳಾಗದ 10 ಮಹಿಳೆಯರಿಗೆ ಸಣ್ಣಗೆ ವಿದ್ಯುತ್ ಹಾಯಿಸುವ ಸೂಜಿ ಹಾಕಿ ನೋಡಿದರು. ಗರ್ಭಕೋಶಕ್ಕೆ ರಕ್ತ ಹರಿಯುವುದು ಸಲೀಸಾಯಿತು ಎಂದು ವರದಿ ಬಂತು. ಬಸಿರಾಯಿತೇ ಇಲ್ಲವೇ ಎಂಬುದು ಆ ಪರೀಕ್ಷೆಯ ವಿಷಯವಾಗಿರಲಿಲ್ಲ. ಆದರೂ ದಾರಿಯೊಂದು ತೆರೆಯಿತು.

2002ರಲ್ಲಿ ಬಂತು ನೋಡಿ, ಎಲ್ಲ ಜಾಹೀರಾತುಗಳ ಮೂಲ. ಜರ್ಮನಿಯ ವುಲ್ಫ್‌ಗಾಂಗ್ ಪೌಲಸ್ ತಂಡ ಚೀನಾದ ವುಹಾನಿನ ವೈದ್ಯರೊಂದಿಗೆ ಸೇರಿ 160 ಮಹಿಳೆಯರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಭ್ರೂಣ ಬಿಡುವ ಮೊದಲು 25 ನಿಮಿಷ, ಬಿಟ್ಟಮೇಲೆ 25 ನಿಮಿಷ ಸೂಜಿ. ಇನ್ನೊಂದು ಗುಂಪು ಅಷ್ಟೇ ಹೊತ್ತು ಸುಮ್ಮನೆ ಮಲಗಿತು. ಸೂಜಿ ಹಾಕಿಸಿಕೊಂಡವರಲ್ಲಿ ಬಸಿರಾದವರು ಶೇ. 42.5, ಮಲಗಿದವರಲ್ಲಿ ಶೇ. 26.3. ಕೇಳಲು ಭಾರೀ ಅನಿಸುತ್ತೆ. ತಲೆ ಎಣಿಸಿದರೆ 80ರಲ್ಲಿ 34 ಮತ್ತು 80ರಲ್ಲಿ 21. ಹದಿಮೂರು ಜನರ ವ್ಯತ್ಯಾಸ.

ಇದರಲ್ಲಿ ಒಂದು ತೊಡಕಿತ್ತು. ಯಾರಿಗೆ ಸೂಜಿ ಬಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅದೇ ತಂಡ ಆಮೇಲೆ ಸುಳ್ಳು ಸೂಜಿ ಇಟ್ಟು ಮತ್ತೊಂದು ಪರೀಕ್ಷೆ ಮಾಡಿತು. ಈ ಸುಳ್ಳು ಸೂಜಿಯ ತುದಿ ಮೊಂಡು. ಒತ್ತಿದರೆ ನಾಟಕದ ಚೂರಿಯ ಹಾಗೆ ಹಿಡಿಯೊಳಗೇ ಸರಿಯುತ್ತದೆ. ಚುಚ್ಚಿದಂತೆ ಅನಿಸುತ್ತದೆ, ಚರ್ಮದೊಳಗೆ ಹೋಗುವುದಿಲ್ಲ. ಆಗ ಎರಡು ಗುಂಪಿನ ನಡುವೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಉಳಿಯಲಿಲ್ಲ. ಮೊದಲನೆಯ ಫಲಿತಾಂಶ ಲೋಕವೆಲ್ಲ ಓಡಾಡಿತು. ಈ ಎರಡನೆಯದನ್ನು ಕೇಳಿದವರು ಎಷ್ಟು ಮಂದಿ?

2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಏಳು ಪರೀಕ್ಷೆಗಳ, 1,366 ಮಹಿಳೆಯರ ಲೆಕ್ಕ ಒಟ್ಟಾಗಿ ಬಂತು. ಸೂಜಿಯಿಂದ ಲಾಭವಿದೆ ಅಂತಲೇ ತೀರ್ಮಾನ. ಆ ಲೆಕ್ಕ ಹಾಕಿದ್ದ ಎರಿಕ್ ಮ್ಯಾನ್‌ಹೈಮರ್ ತಂಡವೇ 2013ರಲ್ಲಿ 16 ಪರೀಕ್ಷೆ, ನಾಲ್ಕು ಸಾವಿರಕ್ಕೂ ಜಾಸ್ತಿ ಮಹಿಳೆಯರನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿತು. ಒಟ್ಟಾರೆ ಲಾಭ ಕಾಣಲಿಲ್ಲ. ಇದರ ನಡುವೆ, 2009ರಲ್ಲಿ, ಹಾಂಗ್‌ಕಾಂಗಿನ 370 ಮಹಿಳೆಯರ ಪರೀಕ್ಷೆಯಲ್ಲಿ ತಮಾಷೆಯೇ ಆಯ್ತು. ನಿಜ ಸೂಜಿಯವರಲ್ಲಿ ಶೇ. 43.8 ಮಂದಿಗೆ ಗರ್ಭ ನಿಂತರೆ, ಸುಳ್ಳು ಸೂಜಿಯವರಲ್ಲಿ ಶೇ. 55.1! ಸೂಜಿಯ ಪರ ಇರುವವರು ಮೊಂಡು ಸೂಜಿ ಒತ್ತುವುದೂ ಒಂದು ಚಿಕಿತ್ಸೆಯೇ ಅಂದರು. ಇರಬಹುದು. ಹಾಗಾದರೆ ನಾಡಿ ಹಿಡಿದು, ಬಿಂದು ಹುಡುಕಿ ಚುಚ್ಚುವ ವಿದ್ಯೆಗೆ ಏನು ಬೆಲೆ ಬಂತು, ಅಲ್ವಾ?

ದೊಡ್ಡ ಉತ್ತರ ಸಿಕ್ಕಿದ್ದು 2018ರಲ್ಲಿ. ಕ್ಯಾರೊಲಿನ್ ಸ್ಮಿತ್ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 848 ಮಹಿಳೆಯರನ್ನು ತೆಗೆದುಕೊಂಡಿತು. ಬಸಿರು ನಿಂತಿತೇ ಎಂಬಲ್ಲಿಗೆ ನಿಲ್ಲಿಸದೆ, ಜೀವಂತ ಮಗು ಹುಟ್ಟಿತೇ ಅಂತ ಎಣಿಸಿತು. ಮನೆಯವರಿಗೆ ಬೇಕಾದ ಲೆಕ್ಕವೂ ಅದೇ ತಾನೇ. ನಿಜ ಸೂಜಿಯಲ್ಲಿ ಶೇ. 18.3, ಸುಳ್ಳು ಸೂಜಿಯಲ್ಲಿ ಶೇ. 17.8. ಅದಕ್ಕೆ ಒಂದು ವರ್ಷ ಮೊದಲು ಚೀನಾದಲ್ಲೇ ಪಿಸಿಒಎಸ್ (ಅಂಡ ಸರಿಯಾಗಿ ಬಿಡುಗಡೆಯಾಗದ ಹಾರ್ಮೋನ್ ತೊಂದರೆ) ಇರುವ 1,000 ಮಹಿಳೆಯರ ಮೇಲೆ ನಡೆದ ಪರೀಕ್ಷೆಯೂ ಇದೇ ದಾರಿ ಹಿಡಿದಿತ್ತು. ಅಂಡ ಬಿಡಿಸುವ ಕ್ಲೋಮಿಫೀನ್ ಮಾತ್ರೆ ತೆಗೆದುಕೊಂಡವರಲ್ಲಿ ಸೂಜಿ ನಿಜದ್ದಿರಲಿ, ಹೆಸರಿಗಷ್ಟೇ ಇರಲಿ, ಶೇ. 29ರ ಆಸುಪಾಸು ಹೆರಿಗೆ. ಮಾತ್ರೆಯಿಲ್ಲದೆ ನಿಜ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 13.9. ಕೆಲಸ ಮಾಡಿದ್ದು ಮಾತ್ರೆ. ಈ ಫಲಿತಾಂಶವನ್ನು ಚೀನಾದ ಸಂಶೋಧಕರೇ ಮುಚ್ಚಿಡದೆ ಪ್ರಕಟಿಸಿದರು ಅನ್ನುವುದು ನನಗೆ ಮೆಚ್ಚುಗೆಯ ವಿಷಯ.

ಹಾಗಾದರೆ ಸೂಜಿ ಪೂರ್ತಿ ದಂಡವೇ? ನನಗೆ ಹಾಗನಿಸುವುದಿಲ್ಲ. ಐವಿಎಫ್ ಹೆಂಗಸರನ್ನು ಹಿಂಡಿಹಾಕುತ್ತದೆ. ದಿನಾ ಹಾರ್ಮೋನ್ ಇಂಜೆಕ್ಷನ್, ಎರಡು ದಿನಕ್ಕೊಮ್ಮೆ ಸ್ಕ್ಯಾನ್, ಮನೆಯಲ್ಲಿ ಎಲ್ಲರ ಕಣ್ಣು ಇವಳ ಮೇಲೆ. ಅರ್ಧ ಗಂಟೆ ಯಾರೂ ಏನೂ ಕೇಳದ ಜಾಗದಲ್ಲಿ ಮಲಗಿದರೆ ಎದೆ ಹಗುರ ಆಗುತ್ತೆ. ಸೂಜಿ ಹಾಕಿಸಿಕೊಂಡು ಆತಂಕ ಕಡಿಮೆಯಾಯಿತು ಅಂದವರು ಹಲವು ಅಧ್ಯಯನಗಳಲ್ಲಿ ಸಿಗುತ್ತಾರೆ. ಕಲಿತವರು ಶುದ್ಧ ಸೂಜಿಯಿಂದ ಮಾಡಿದರೆ ಅಪಾಯವೂ ಕಡಿಮೆ. ಅಷ್ಟಕ್ಕೆ ಹಣ ಕೊಡುತ್ತೇನೆ ಅನ್ನುವವರು ಕೊಡಲಿ. "ಮಗು ಆಗುವ ಸಾಧ್ಯತೆ ಒಂದೂವರೆ ಪಟ್ಟು" ಅಂತ ಹೇಳಿ ಪ್ಯಾಕೇಜ್ ಮಾರಿದರೆ ಮಾತ್ರ ಅದು ಮೋಸ.

ಕಷಾಯಕ್ಕೆ ಈ ರಿಯಾಯಿತಿ ಕೊಡಲಾರೆ. ಬೇರು ಹೊಟ್ಟೆಯೊಳಗೆ ಹೋಗುತ್ತದೆ, ರಕ್ತಕ್ಕೆ ಸೇರುತ್ತದೆ. ಡಾಂಗ್‌ಗುಯಿ ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಹೆಚ್ಚಿಸುತ್ತದೆ ಎಂದು ದಾಖಲಾಗಿದೆ. ಐವಿಎಫ್ ಮಾಡಿಸುವ ಎಷ್ಟೋ ಜನಕ್ಕೆ ಆಸ್ಪಿರಿನ್ ಅಥವಾ ಹೆಪಾರಿನ್ ಕೊಟ್ಟಿರುತ್ತಾರೆ, ಇವೂ ಅದೇ ಜಾತಿಯ ಕೆಲಸ ಮಾಡುವಂಥವು. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಿಂದ ನೂರರಷ್ಟು ಹೆಂಗಸರ ಕಿಡ್ನಿ ಕೆಟ್ಟಿತು. ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಸೇರಿಹೋಗಿತ್ತು. ಅದರಲ್ಲಿರುವ ಆಮ್ಲ ಕ್ಯಾನ್ಸರಿಗೂ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದೆ. ಇದನ್ನು ದೂರದ ಕಥೆ ಅಂತ ಬಿಡುವ ಹಾಗಿಲ್ಲ. ನಮ್ಮ ಘಟ್ಟದ ಬೇಲಿಯಲ್ಲೂ ಹಬ್ಬುವ, ಹಾವು ಕಚ್ಚಿದ್ದಕ್ಕೆ ಮದ್ದು ಅನ್ನುವ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯಾ ಜಾತಿಯದೇ. ಆ ಆಮ್ಲ ಅದರಲ್ಲೂ ಇದೆ. ಚೀನಾದ ಬೇರಿಗೆ ಹೆದರಿ ಊರಿನ ಬೇರನ್ನು ಕಣ್ಣುಮುಚ್ಚಿ ಕುಡಿದರೆ ಏನೂ ಉಳಿಯಲಿಲ್ಲ.

ಇನ್ನೊಂದು ಗೊಂದಲ ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಸಿಗುವ ಗುಳಿಗೆಯನ್ನು ಕೆಲವರು "ಚೀನಾ ಔಷಧ" ಅನ್ನುತ್ತಾರೆ. 1966ರಲ್ಲಿ ಚೀನಾದ ಆಳ್ವಿಕೆ ಬಿಟ್ಟು ಬಂದು ಇಲ್ಲಿ ನೆಲೆಸಿದ ಜನ ಅವರು. ಅವರ ಮುಂದೆ ಹಾಗನ್ನಬೇಡಿ. ಅವರದ್ದು ಸೋವಾ ರಿಗ್ಪಾ ಎಂಬ ಟಿಬೆಟನ್ ವೈದ್ಯಪದ್ಧತಿ. ನಾಡಿ ನೋಡುವುದರಲ್ಲಿ ಚೀನಾದ ನಂಟಿದ್ದರೂ ಆಯುರ್ವೇದದ ಪಾಲೂ ಅದರಲ್ಲಿ ದೊಡ್ಡದು. ಭಾರತ 2010ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಮೇಲೆ ಹೇಳಿದ ಸೂಜಿಯ ಪರೀಕ್ಷೆಗಳು ಆ ಗುಳಿಗೆಯ ಬಗ್ಗೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವುದಿಲ್ಲ.

ನಮ್ಮ ಜಿಲ್ಲೆಯವರು ಗಮನಿಸಲೇಬೇಕಾದ ಅಧ್ಯಯನ ಅಮೆರಿಕದ ಸಿಯಾಟಲ್‌ನದ್ದು. ಅಲ್ಲಿ ಸೂಜಿ ಹಾಕುವವರು ಐವಿಎಫ್ ಆಸ್ಪತ್ರೆಯಲ್ಲೇ ಇರಲಿಲ್ಲ. ಭ್ರೂಣ ಬಿಡುವ ದಿನವೇ ಹೆಂಗಸರು ಸೂಜಿಗಾಗಿ ಬೇರೆ ಕಡೆ ಹೋಗಿಬರಬೇಕಿತ್ತು. ಸೂಜಿ ಹಾಕಿಸಿಕೊಂಡವರಲ್ಲೇ ಬಸಿರು ಕಡಿಮೆಯಾಯಿತು. ಓಡಾಟದ ಒತ್ತಡ ಕಾರಣವಿರಬಹುದೇ ಎಂಬ ಪ್ರಶ್ನೆ ಎದ್ದಿತು. ಒಂದೇ ಅಧ್ಯಯನ, ಸಣ್ಣದು, ಅದನ್ನೇ ವೇದವಾಕ್ಯ ಮಾಡುವುದು ಬೇಡ. ಆದರೆ ನಮ್ಮ ಓಡಾಟ ನೆನಪಿಸಿಕೊಳ್ಳಿ. ಇಲ್ಲಿನವರು ಐವಿಎಫ್‌ಗೆ ಹೆಚ್ಚಾಗಿ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಹೋಗುತ್ತಾರೆ. ಒಂದು ಸೈಕಲ್‌ಗೆ ಹತ್ತು-ಹನ್ನೆರಡು ದಿನ ಇಂಜೆಕ್ಷನ್, ಹಲವು ಸ್ಕ್ಯಾನ್. ಅಂಕೋಲಾದವರು ಹುಬ್ಬಳ್ಳಿಗೆ ಹೋಗುವುದಾದರೆ ಪ್ರತಿ ಸಲ ಅರಬೈಲ್ ಘಟ್ಟ ಹತ್ತಿ ಇಳಿಯಬೇಕು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಕೂಗಿದ್ದು ಸುಮ್ನೆ ಅಲ್ಲ. ಇದರ ಮೇಲೆ ಸೂಜಿಗೊಂದು ಬೇರೆ ಊರು ಅಂದರೆ ಆತಂಕ ಇಳಿಯುವ ಬದಲು ಏರುತ್ತದೆ.

"ಮೊದಲು ಮೂರು ತಿಂಗಳು ದೇಹ ಹದ ಮಾಡೋಣ, ಆಮೇಲೆ ಐವಿಎಫ್" ಎಂಬ ಸಲಹೆ ಚೀನೀ ಪದ್ಧತಿಯವರಲ್ಲೂ ಉಂಟು, ನಮ್ಮ ನಾಟಿ ವೈದ್ಯರಲ್ಲೂ ಉಂಟು. 28ರ ಹುಡುಗಿಗೆ ಮೂರು ತಿಂಗಳು ದೊಡ್ಡ ವಿಷಯವಲ್ಲ. 35 ದಾಟಿದ ಮೇಲೆ ಅಂಡಗಳ ಸಂಖ್ಯೆಯೂ ಗುಣವೂ ಬೇಗಬೇಗ ಇಳಿಯುತ್ತವೆ, ಆಗ ಮೂರು ಆರಾಗಿ ಆರು ಹನ್ನೆರಡಾದರೆ ಯಾವ ಸೂಜಿಯೂ ಅದನ್ನು ತುಂಬಿಕೊಡುವುದಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಹಾಗಿರುವಾಗ ಹೆಂಡತಿಗೆ ಮೂರು ತಿಂಗಳ ಕಷಾಯ ಶುರುಮಾಡುವ ಮೊದಲು ಗಂಡನ ವೀರ್ಯ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಘಟ್ಟ ಹತ್ತುವ ಕೆಲಸವೂ ಇಲ್ಲ, ಊರಿನ ಲ್ಯಾಬಿನಲ್ಲೇ ಆಗುತ್ತದೆ.