ಚಳಿಗೆ ಪಾಮ್ ಸಸಿಯ ಗರಿ ಒಣಗುತ್ತಿದೆ, ಮುಚ್ಚಿಡಬೇಕಾ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಮನೆ ಮುಂದೆ ಎರಡು ಫಾಕ್ಸ್‌ಟೈಲ್ ಪಾಮ್, ಕಾಂಪೌಂಡ್ ಪಕ್ಕ ಒಂದು ಸಾಲು ಅರೆಕಾ ಪಾಮ್ ಹಾಕಿದ್ದೇವೆ. ಇನ್ನೂ ಸಣ್ಣ ಸಸಿಗಳು. ಮಳೆಗಾಲ ಮುಗಿಯುವವರೆಗೆ ಹಸಿರಾಗೇ ಇರುತ್ತವೆ. ಡಿಸೆಂಬರ್ ಬಂತೆಂದರೆ ಗರಿಯ ತುದಿ ಕಂದಾಗುತ್ತದೆ, ಎಲೆ ಮೇಲೆ ಚುಕ್ಕೆ ಬರುತ್ತದೆ, ಸುಳಿ ಇದ್ದಲ್ಲೇ ನಿಲ್ಲುತ್ತದೆ. ರಾತ್ರಿ ಪ್ಲಾಸ್ಟಿಕ್ ಹೊದಿಸಬೇಕಾ? ಗೊಬ್ಬರ ಜಾಸ್ತಿ ಹಾಕಬೇಕಾ? ಅಥವಾ ಇಲ್ಲಿಯ ಚಳಿಗೆ ಪಾಮ್ ಬರುವುದೇ ಇಲ್ಲವಾ?

ಉತ್ತರ: ಬರುತ್ತದೆ. ಧೈರ್ಯವಾಗಿ ಬೆಳೆಸಿ. ಪ್ಲಾಸ್ಟಿಕ್ ಬೇಡ, ಚಳಿಯಲ್ಲಿ ಗೊಬ್ಬರವೂ ಬೇಡ. ನಿಮ್ಮ ಸಸಿಗಳಿಗೆ ನಿಜವಾಗಿ ಬೇಕಿರುವುದು ಯುಗಾದಿಯಿಂದ ಗೌರಿ ಹಬ್ಬದ ಒಳಗೆ ಮಾಡುವ ತಯಾರಿ. ಡಿಸೆಂಬರ್‌ನಲ್ಲಿ ಕಣ್ಣಿಗೆ ಬೀಳುವ ತೊಂದರೆ ಎಷ್ಟೋ ಸಲ ಆಗಸ್ಟ್‌ನಲ್ಲೇ ಶುರುವಾಗಿರುತ್ತದೆ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮ ಚಳಿ ಎಷ್ಟಿದೆ ನೋಡೋಣ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಹಾಸನವೂ ಹೆಚ್ಚು ಕಡಿಮೆ ಅಷ್ಟೇ ಎತ್ತರ. ಡಿಸೆಂಬರ್-ಜನವರಿಯಲ್ಲಿ ಬೆಳಗಿನ ಜಾವ 12-15 ಡಿಗ್ರಿ ಮಾಮೂಲಿ. ಕೆಲವು ದಿನ 10ರ ಹತ್ತಿರಕ್ಕೂ ಇಳಿಯುತ್ತದೆ. ಇದು ಪಾಮ್ ಸಾಯಿಸುವ ಚಳಿ ಅಲ್ಲ. ಅರೆಕಾ ಪಾಮ್ 10 ಡಿಗ್ರಿ ಸುತ್ತಮುತ್ತ ಕಳೆಗುಂದುತ್ತದೆ, ಎಲೆ ಹಳದಿಗೆ ತಿರುಗುತ್ತದೆ, ಅಷ್ಟೇ. ಫಾಕ್ಸ್‌ಟೈಲ್ ಅದಕ್ಕಿಂತ ಗಟ್ಟಿ. ಆದರೆ ಇದು ಪಾಮ್‌ಗೆ ಹಿತವಾದ ವಾತಾವರಣವೂ ಅಲ್ಲ. ನಮ್ಮ ಜಿಲ್ಲೆಯ ತೋಟಗಳನ್ನೇ ನೋಡಿ. ಅಡಿಕೆ ಹಿಂದಿನಿಂದ ನೆಲೆ ನಿಂತಿರುವುದು ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ. ಅವೆಲ್ಲ ಪೇಟೆಗಿಂತ ತಗ್ಗಿನ ಊರುಗಳು. ಗಿರಿಯ ಮಗ್ಗುಲಿನಲ್ಲಿ ಕಾಫಿ ನಿಂತಿದೆ. ಹಾಸನ ಜಿಲ್ಲೆಯಲ್ಲಿ ತೆಂಗಿಗೆ ಹೆಸರಾದದ್ದು ಬಿಸಿಲಿನ ಅರಸೀಕೆರೆ, ಚನ್ನರಾಯಪಟ್ಟಣ. ಈಗ ಕಾಫಿ ನಡುವೆಯೂ ಅಡಿಕೆ ಹಾಕುತ್ತಿದ್ದಾರೆ, ಅದು ಬೇರೆ ಮಾತು. ತೆಂಗು, ಅಡಿಕೆ, ಪಾಮ್ ಎಲ್ಲ ಒಂದೇ ಕುಟುಂಬ. ಅವಕ್ಕೆಲ್ಲ ಮಣ್ಣು ಬೆಚ್ಚಗಿದ್ದರೆ ಇಷ್ಟ.

ಮಾವು, ಹಲಸಿನ ತುದಿ ಮುರಿದರೆ ಪಕ್ಕದಿಂದ ಚಿಗುರುತ್ತದೆ. ಒಂಟಿ ಕಾಂಡದ ಪಾಮ್‌ಗೆ ಆ ಅವಕಾಶ ಇಲ್ಲ. ಇರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು. ಫಾಕ್ಸ್‌ಟೈಲ್, ಬಾಟಲ್ ಪಾಮ್, ರಾಯಲ್ ಪಾಮ್ ಎಲ್ಲ ಈ ಜಾತಿಯವು. ಅರೆಕಾ ಪಾಮ್ ಗುಂಪಾಗಿ ಬೆಳೆಯುವುದರಿಂದ ಒಂದು ಸುಳಿ ಹೋದರೂ ಪಕ್ಕದ ಕವಲುಗಳು ಉಳಿಯುತ್ತವೆ. ಹಾಗಾಗಿ ನಿಮ್ಮ ಚಿಂತೆಯಲ್ಲಿ ಮುಕ್ಕಾಲು ಪಾಲನ್ನು ಆ ಎರಡು ಫಾಕ್ಸ್‌ಟೈಲ್‌ಗೆ ಇಡಿ. ಸಣ್ಣ ಸಸಿಯಲ್ಲಿ ಇನ್ನೂ ಒಂದು ಕಷ್ಟ ಇದೆ. ಪಾಮ್ ಮೊದಲು ಬುಡ ದಪ್ಪ ಮಾಡಿಕೊಂಡು ಆಮೇಲೆ ಮೇಲೆ ಏಳುತ್ತದೆ. ಆ ವರ್ಷಗಳಲ್ಲಿ ಸುಳಿ ನೆಲದ ಹತ್ತಿರವೇ ಇರುತ್ತದೆ. ಕೆಸರು, ಇಬ್ಬನಿ, ತಣ್ಣನೆ ಗಾಳಿ ಎಲ್ಲಕ್ಕೂ ಅದೇ ಮೊದಲು ಸಿಗುವುದು.

ಈಗ ಆಗಸ್ಟ್ ವಿಷಯ. ಆಶ್ಲೇಷ ಮಳೆ ಹಿಡಿದಾಗ ನಮ್ಮಲ್ಲಿ ವಾರಗಟ್ಟಲೆ ಬಿಸಿಲಿಲ್ಲ. ಗಾಳಿ ಸುಮಾರು 20 ಡಿಗ್ರಿ, ತೇವ ತುಂಬಿ ತುಳುಕುತ್ತದೆ. ಸುಳಿ ಕೊಳೆಸುವ, ಶಿಲೀಂಧ್ರದಂಥ ಒಂದು ರೋಗಾಣುವಿಗೆ ಇದು ಹೇಳಿ ಮಾಡಿಸಿದ ಹವೆ. ಆ ರೋಗಾಣುವಿನ ಹೆಸರು ಫೈಟಾಫ್ತೋರಾ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲ, ತೆಂಗಿನ ಸುಳಿ ಕೊಳೆಸುವುದೂ ಇದೇ ಕುಲ. ಹೊರಗಿನ ಗರಿಗಳು ಹಸಿರಾಗೇ ಇರುವುದರಿಂದ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದಿಲ್ಲ. ಜೊತೆಗೆ ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರು ಕಟ್ಟಿ ಸಾಯುತ್ತಿರುತ್ತದೆ. ಮಳೆಗಾಲದಲ್ಲಿ ಗಿಡಕ್ಕೆ ಬೇರಿನ ಕೆಲಸ ಅಷ್ಟಾಗಿ ಬೇಕಾಗುವುದಿಲ್ಲ, ಆದ್ದರಿಂದ ಅದೂ ಕಾಣುವುದಿಲ್ಲ.

ಡಿಸೆಂಬರ್‌ನಲ್ಲಿ ಬಣ್ಣ ಬಯಲಾಗುತ್ತದೆ. ಹಗಲು ಬಿಸಿಲು ಚುರುಕು. ಮೂಡಗಾಳಿ ಒಣಗಾಳಿ, ಗರಿಯಿಂದ ನೀರು ಎಳೆಯುತ್ತದೆ. ಇತ್ತ ಮಣ್ಣು 18 ಡಿಗ್ರಿಗಿಂತ ತಣ್ಣಗಾದರೆ ಪಾಮ್ ಬೇರು ಬೆಳೆಯುವುದೇ ಕಷ್ಟ. ಇರುವ ಬೇರೂ ಅರ್ಧ ಸತ್ತಿದ್ದರೆ ನೀರು ಎಲ್ಲಿಂದ ಬರಬೇಕು? ಗರಿಯ ತುದಿ ಒಣಗುತ್ತದೆ. ನಾವು ಚಳಿಗೆ ಸುಟ್ಟಿತು ಅನ್ನುತ್ತೇವೆ. ಗಿಡಕ್ಕೆ ಆಗಿರುವುದು ಬಾಯಾರಿಕೆ. ಇದಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರು ಕಟ್ಟಿ ಸುಳಿ ಮೇಲೆ ಹನಿಯುತ್ತದೆ. ಬೆಳಿಗ್ಗೆ ತೆಗೆಯಲು ಮರೆತರೆ ಹತ್ತು ಗಂಟೆಯ ಬಿಸಿಲಿಗೆ ಗರಿ ಬೆಂದೇ ಹೋಗುತ್ತದೆ.

ಸುಳಿ ನಿಜವಾಗಿ ನಿಂತಿದೆಯಾ, ಸುಮ್ನೆ ನಿಧಾನವಾಗಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಇನ್ನೂ ಬಿಚ್ಚದ ಕಡ್ಡಿಯಂಥ ಸುಳಿ ಗರಿ ಇರುತ್ತದಲ್ಲ, ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಹಾಕಿ. ಪಕ್ಕದ ಬಲಿತ ಗರಿಯ ದಂಟಿನ ಮೇಲೆ ಅದೇ ಮಟ್ಟಕ್ಕೆ ಇನ್ನೊಂದು ಗೆರೆ. ಹದಿನೈದು ದಿನ ಬಿಟ್ಟು ನೋಡಿ. ಸುಳಿಯ ಗೆರೆ ಕೂದಲೆಳೆಯಷ್ಟು ಮೇಲೆ ಹೋಗಿದ್ದರೂ ಗಿಡ ಬದುಕಿದೆ, ಚಳಿಗಾಲಕ್ಕೆ ಅಷ್ಟು ಸಾಕು. ಎರಡೂ ಗೆರೆ ಸಮ ಇದ್ದರೆ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಗಟ್ಟಿ ಇದ್ದರೆ ಸುಮ್ಮನೆ ಕಾಯಿರಿ. ಕಳಚಿ ಕೈಗೆ ಬಂದು, ಬುಡ ಕಂದಾಗಿ ಕೊಳೆತ ವಾಸನೆ ಹೊಡೆದರೆ ಅದು ಸುಳಿಕೊಳೆ. ಅದಕ್ಕೆ ಆಮೇಲೆ ಬರುತ್ತೇನೆ.

ತಯಾರಿ ಎಂದೆನಲ್ಲ, ಅದರಲ್ಲಿ ಮೊದಲನೆಯದು ಯಾವಾಗ ತರುತ್ತೀರಿ ಎಂಬುದು. ನಮ್ಮ ನರ್ಸರಿಗಳಿಗೆ ಅಲಂಕಾರದ ಗಿಡಗಳು ಬಹಳಷ್ಟು ಬರುವುದು ಆಂಧ್ರದ ಗೋದಾವರಿ ತೀರದ ಕಡಿಯಂ ಕಡೆಯಿಂದ. ಅದು ಕರಾವಳಿಗೆ ಹತ್ತಿರದ ಸೆಕೆಯ ನಾಡು. ಅಲ್ಲಿ ಬೆಳೆದ ಸಸಿಯನ್ನು ನವೆಂಬರ್‌ನಲ್ಲಿ ಲಾರಿಯಿಂದ ಇಳಿಸಿ ನಮ್ಮ ಇಬ್ಬನಿಗೆ ಒಡ್ಡಿದರೆ ಅದು ಬೇರು ಬಿಡುವ ಮಾತೇ ಇಲ್ಲ. ಕಾಫಿಯವರು ಹೂಮಳೆ ಅನ್ನುತ್ತಾರಲ್ಲ, ಅದು ಬಿದ್ದ ಮೇಲೆ ತನ್ನಿ. ಏಪ್ರಿಲ್ ಕೊನೆ, ಮೇ ಮೊದಲ ವಾರ ಸರಿಯಾದ ಹೊತ್ತು. ಭರಣಿ ಮಳೆ ಧರಣಿ ಬೆಳೆ ಅಂತ ಹಿರಿಯರು ಹೇಳಿದ್ದು ಹೊಲಕ್ಕೆ, ಆದರೆ ಪಾಮ್‌ಗೂ ಹೊಂದುತ್ತದೆ. ಮಣ್ಣು ಬೆಚ್ಚಗಿರುತ್ತದೆ, ತೇವ ಸಿಗುತ್ತದೆ, ಚಳಿ ಬರುವಷ್ಟರಲ್ಲಿ ಆರೇಳು ತಿಂಗಳು ಬೇರು ಓಡಿರುತ್ತದೆ. ನೆರಳಲ್ಲಿಟ್ಟು ಬೆಳೆಸಿದ ಸಸಿಯಾದರೆ ಮೊದಲು ಎರಡು ವಾರ ಅರೆನೆರಳಲ್ಲಿಟ್ಟು ಬಿಸಿಲಿಗೆ ಒಗ್ಗಿಸಿ.

ನೆಡುವಾಗ ಅಡಿಕೆ ಗುಂಡಿಯ ಅಭ್ಯಾಸದಲ್ಲಿ ಆಳಕ್ಕೆ ಇಳಿಸಬೇಡಿ. ಫಾಕ್ಸ್‌ಟೈಲ್‌ನ ತವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಅಲ್ಲಿ ಕೇಪ್ ಮೆಲ್ವಿಲ್ ಎಂಬಲ್ಲಿ ದೊಡ್ಡ ದೊಡ್ಡ ಬಂಡೆಗಳ ನಡುವೆ ಬೆಳೆಯುತ್ತದೆ. 1983ರಲ್ಲಷ್ಟೇ ಸಸ್ಯಶಾಸ್ತ್ರದಲ್ಲಿ ಅದಕ್ಕೊಂದು ಹೆಸರು ಸಿಕ್ಕಿತು. ಬಂಡೆ ಸಂದಿಯ ಗಿಡಕ್ಕೆ ನಿಂತ ನೀರು ಕಂಡರೆ ಆಗದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಮಳೆಗೆ ಒಂದಡಿ ಏರು ಮಾಡಿ ಅದರ ಮೇಲೆ ನೆಡಿ. ಪೊಟ್ಟಣದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಾತ್ರ ಮುಚ್ಚಿ. ಹಾಸನ ಪೇಟೆಯಲ್ಲಿ ಮಳೆ ಅಷ್ಟಿಲ್ಲ, ಅರ್ಧ ಅಡಿ ಏರು ಸಾಕು. ಕಾಂಪೌಂಡಿನ ತಗ್ಗು ಮೂಲೆ ಬೇಡ. ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ಅಲ್ಲೇ ಕೂರುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆಯ ಹತ್ತಿರ, ಮೂಡಗಾಳಿಗೆ ಮರೆ ಇರುವ ಜಾಗ ಒಳ್ಳೆಯದು. ತೋಟದವರು ಅಡಿಕೆ ಸಸಿಗೆ ಬಾಳೆ ನೆರಳು ಕೊಡುವುದು ಬಿಸಿಲಿಗಾಗಿ. ನಿಮ್ಮ ಸಸಿಗಳ ಮೂಡಲ ಬದಿಗೆ ಎರಡು ಬಾಳೆ ಇದ್ದರೆ ಚಳಿಗಾಲದ ಗಾಳಿಯನ್ನೂ ತಡೆಯುತ್ತದೆ.

ಗೊಬ್ಬರದ ವಿಷಯದಲ್ಲಿ ಜನ ಜಾಸ್ತಿ ತಪ್ಪುವುದು ಯೂರಿಯಾದಲ್ಲಿ. ಪಾಮ್‌ಗೆ ಸಾರಜನಕಕ್ಕಿಂತ ಪೊಟ್ಯಾಶ್ ಹಸಿವು ದೊಡ್ಡದು. ಅಡಿಕೆಗೆ ಶಿಫಾರಸು ಮಾಡುವ ಲೆಕ್ಕ ನೋಡಿ: ಬಲಿತ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್. ಮೊದಲ ವರ್ಷ ಅದರ ಮೂರನೇ ಒಂದು ಭಾಗ, ಎರಡನೇ ವರ್ಷ ಮೂರನೇ ಎರಡು ಭಾಗ. ಕೊಡುವುದು ಎರಡು ಕಂತು, ಮೇ-ಜೂನ್ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಒಮ್ಮೆ. ಅಲಂಕಾರದ ಪಾಮ್‌ಗೂ ಇದೇ ಜಾಡು ಹಿಡಿಯಬಹುದು. ಮಲೆನಾಡಿನ ಮಳೆಗೆ ಪೊಟ್ಯಾಶ್ ತೊಳೆದು ಹೋಗುತ್ತದೆ, ಆದ್ದರಿಂದ ಎರಡನೇ ಕಂತು ತಪ್ಪಿಸಲೇಬೇಡಿ. ನೀವು ಹೇಳಿದ ಚುಕ್ಕೆಗಳು ಕೆಳಗಿನ ಹಳೇ ಗರಿಗಳಲ್ಲಿ ಮಾತ್ರ ಇದ್ದು, ಹಳದಿ-ಕಿತ್ತಳೆ ಬಣ್ಣದಲ್ಲಿ ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿದ್ದರೆ ಅದು ಚಳಿಯಲ್ಲ, ಪೊಟ್ಯಾಶ್ ಕೊರತೆ. ಅಂಥ ಗರಿಯನ್ನು ಕತ್ತರಿಸಬೇಡಿ. ಗಿಡ ಹಳೇ ಗರಿಯಿಂದ ಪೊಟ್ಯಾಶ್ ಎಳೆದು ಸುಳಿಗೆ ಕೊಡುತ್ತಿರುತ್ತದೆ. ಚೆಂದಕ್ಕೆ ಅಂತ ಕತ್ತರಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಸುಳಿಗೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣ ಬೆರೆಸಿದ ದ್ರಾವಣ, ಹೊಡೆಯಿರಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಸುಮಾರು 40-45 ದಿನ ಬಿಟ್ಟು ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ. ಪಕ್ಕದ ತೋಟದಲ್ಲಿ ಅಡಿಕೆಗೆ ಔಷಧಿ ಹೊಡೆಯುತ್ತಿದ್ದರೆ ಒಂದು ಚೊಂಬು ಕೇಳಿ ತನ್ನಿ, ಎರಡು ಸಸಿಗೆ ಅಷ್ಟು ಸಾಕು. ನೀವೇ ಮಾಡುವುದಾದರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರಲ್ಲಿ 5 ಲೀಟರ್‌ಗೆ 100 ಗ್ರಾಂ ಸುಣ್ಣ. ಎರಡನ್ನೂ ಒಟ್ಟಿಗೆ ಮೂರನೇ ಬಕೆಟ್‌ಗೆ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಅಲಗು ಹಾಗೇ ಹೊಳೆಯುತ್ತಿದ್ದರೆ ಸರಿ. ಅವತ್ತೇ ಬಳಸಬೇಕು, ಮರುದಿನಕ್ಕೆ ಇಡುವಂತಿಲ್ಲ.

ಇಷ್ಟಾದರೆ ಚಳಿಗಾಲದಲ್ಲಿ ಕೆಲಸ ಕಡಿಮೆ. ಬುಡಕ್ಕೆ ಮೂರು ಇಂಚು ತರಗು ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ನೀರು ಹೊತ್ತೇರಿದ ಮೇಲೆ ಕೊಡಿ, ಸಂಜೆ ಬೇಡ, ಸುಳಿ ಮೇಲಂತೂ ಬೇಡವೇ ಬೇಡ. ಬೋರ್‌ವೆಲ್ ಇದ್ದರೆ ಮೋಟಾರ್ ಹಾಕಿದಾಗ ಬರುವ ನೀರು ಚಳಿಗಾಲದಲ್ಲಿ ಉಗುರುಬೆಚ್ಚಗಿರುತ್ತದೆ, ಅದನ್ನೇ ನೇರ ಬುಡಕ್ಕೆ ಬಿಡಿ. ರಾತ್ರಿಯಿಡೀ ತಾರಸಿಯ ಟ್ಯಾಂಕಿನಲ್ಲಿ ಕೂತ ನೀರು ಬೇರಿಗೆ ಇನ್ನಷ್ಟು ಚಳಿ ಹಿಡಿಸುತ್ತದೆ. ತೀರಾ ಚಳಿ ಬಿದ್ದ ರಾತ್ರಿ ಮನಸ್ಸು ತಡೆಯದಿದ್ದರೆ ನಾಲ್ಕು ಗೂಟ ನೆಟ್ಟು ಹಳೇ ಹತ್ತಿ ಸೀರೆಯನ್ನು ಗರಿಗೆ ತಾಗದಂತೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ.

ಮುಂದೆ ಇನ್ನೂ ಪಾಮ್ ಹಾಕುವ ಆಸೆ ಇದ್ದರೆ ಆಯ್ಕೆಯಲ್ಲೇ ಅರ್ಧ ಗೆಲ್ಲಬಹುದು. ಕೆಂಪು ದಂಟಿನ ಲಿಪ್‌ಸ್ಟಿಕ್ ಪಾಮ್ ನೋಡಲು ಎಷ್ಟೇ ಚೆಂದ ಇರಲಿ, ನಮ್ಮ ಪೇಟೆಗೆ ಬೇಡ, ಅದು ಸದಾ ಸೆಕೆಯಲ್ಲಿ ಬೆಳೆಯುವ ಗಿಡ. ಬಾಟಲ್ ಪಾಮ್ ಹಾಸನದಲ್ಲಿ ಬಿಸಿಲಿದ್ದರೆ ನಡೆಯುತ್ತದೆ. ಚೈನೀಸ್ ಫ್ಯಾನ್ ಪಾಮ್, ಕ್ವೀನ್ ಪಾಮ್, ಕುಂಡದಲ್ಲಿ ಇಡುವ ರಾಪಿಸ್ ಇವೆಲ್ಲ ನಮ್ಮ ಚಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ನನ್ನ ಮೆಚ್ಚಿನದು ಮಾತ್ರ ನಮ್ಮ ಕಾಡಿನದೇ ಬೈನೆ. ಮೀನಿನ ಬಾಲದಂಥ ಎಲೆ, ಇಲ್ಲಿಯ ಮಳೆ-ಚಳಿ ಎರಡೂ ಅದಕ್ಕೆ ಹುಟ್ಟಿನಿಂದ ಗೊತ್ತು. ಹಣ್ಣು ಮುಟ್ಟಿದರೆ ತುರಿಕೆ, ಹೂ ಬಿಟ್ಟು ಮುಗಿದ ಮೇಲೆ ಮರ ಸಾಯುತ್ತದೆ, ಅಷ್ಟು ತಿಳಿದಿರಲಿ. ಆದರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ಜಾಗದಲ್ಲಿ ಮನೆ ಇದ್ದರೆ ಬೈನೆ ನೆಡಲೇಬೇಡಿ. ಆನೆಗೆ ಅದು ಬಲು ಇಷ್ಟ. ಅಂಗಳಕ್ಕೆ ಕರೆದಂತಾಗುತ್ತದೆ.

ಈಗ ಸುಳಿ ಕೈಗೆ ಬಂದವರಿಗೆ. ಕೊಳೆತ ಭಾಗವನ್ನು ಚಾಕುವಿನಿಂದ ಬಿಳಿ ಗಟ್ಟಿ ತಿರುಳು ಸಿಗುವವರೆಗೆ ಕೆತ್ತಿ ತೆಗೆಯಿರಿ. ಶೇಕಡ 10ರ ಬೋರ್ಡೋ ಮುಲಾಮು ಬಳಿಯಿರಿ. ಮಳೆ ನೀರು, ಇಬ್ಬನಿ ಇಳಿಯದಂತೆ ಮೇಲೊಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಬದಿಯಲ್ಲಿ ಗಾಳಿ ಆಡಲಿ. ಪ್ಲಾಸ್ಟಿಕ್‌ಗೆ ಕೆಲಸ ಇರುವುದು ಇದೊಂದು ಕಡೆ. ಉಳಿದ ಹಸಿರು ಗರಿಗಳನ್ನು ಮುಟ್ಟಬೇಡಿ. ಮೇ ಮುಗಿಯುವವರೆಗೆ ಗಿಡ ಕೀಳಬೇಡಿ. ಬೇಸಿಗೆಯಲ್ಲಿ ಮಣ್ಣು ಕಾದ ಮೇಲೆ ಒಳಗಿನಿಂದ ಗರಿ ಬಂದರೂ ಬರಬಹುದು. ಮೊದಲ ಗರಿ ಮುದುಡಿ, ತುಂಡಾಗಿ, ವಿಕಾರವಾಗಿ ಬರುತ್ತದೆ. ಹೆದರಿ ಅದನ್ನು ಕತ್ತರಿಸಬೇಡಿ. ಅದರ ಹಿಂದಿನ ಒಂದೆರಡು ಗರಿ ನೆಟ್ಟಗಾಗುವವರೆಗೆ ಗಿಡಕ್ಕೆ ಅದೇ ಆಧಾರ.