ಸುದ್ದಿ ಕೊಟ್ಟವನಿಗೆ ಸಿಕ್ಕಿದ್ದೇನು? ದೊಡ್ಡರೋಗದ ಕಾಲದ ಸರ್ಕಾರಿ ನಿಯಮಗಳು

2022ರ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ, ಚರ್ಮಗಂಟು ರೋಗದ ಲಸಿಕೆ ಹಾಕಲೆಂದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದಾಗ, ಮನೆಯೊಂದರ ಹಿತ್ತಲಲ್ಲಿ ಬೇವಿನ ಮರಕ್ಕೆ ಕಟ್ಟಿದ್ದ ಎತ್ತಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿರುವುದು ಕಣ್ಣಿಗೆ ಬಿತ್ತು. ಬಿಸಿಲಿಗೆಂದು ಹೊದಿಸಿದ್ದೇನೆ ಎಂದರು ಮನೆಯ ಯಜಮಾನರು. ತಾಟು ಎತ್ತಿ ನೋಡಿದರೆ ಕುತ್ತಿಗೆಯಿಂದ ತೊಡೆಯವರೆಗೆ ನೆಲ್ಲಿಕಾಯಿ ಗಾತ್ರದ ಗಂಟುಗಳಿದ್ದವು; ಎರಡು ಕಡೆ ಗಂಟು ಒಡೆದು ಹುಣ್ಣಾಗಿತ್ತು; ಮುಂಗಾಲುಗಳು ಗೊರಸಿನ ತನಕ ಊದಿಕೊಂಡಿದ್ದವು. ಕನಿಷ್ಠ ಎಂಟು ದಿನಗಳ ಕಾಯಿಲೆ ಅದು. ಮೊದಲ ದಿನವೇ ಆಸ್ಪತ್ರೆಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ. "ಹೇಳಿದ್ರೆ ನಮಗೇನ್ ಸಿಗ್ತತೆ ಸಾರ್? ನೀರಿನ ತೊಟ್ಟಿ ಹತ್ರ ನಮ್ ದನ ಬಿಟ್ಕೊಳಲ್ಲ, ಡೈರೀಲಿ ಹಾಲು ಬ್ಯಾಡ ಅಂತಾರೆ, ನೀವು ಬಂದು ಸಂತೆ ಬ್ಯಾರೆ ನಿಲ್ಲಿಸ್ತೀರ" ಎಂದರು.

ಆ ಹೊತ್ತಿಗೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ದನಗಳ ಅಂಟುರೋಗ ತಡೆಯಲು ನಮ್ಮ ಸೀಮೆಯಲ್ಲಿ ಮತ್ತು ಸುತ್ತಲಿನ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಒಂದೂವರೆ ಶತಮಾನದಿಂದ ಏನೇನು ನಿಯಮಗಳು ಬಂದವು ಎಂಬುದನ್ನು ಓದಿಕೊಂಡ ಮೇಲೆ, ಆ ಯಜಮಾನರ ಪ್ರಶ್ನೆಗೆ ಉತ್ತರ ಕೊಡದೇ ಹೋದದ್ದೇ ಆ ನಿಯಮಗಳಲ್ಲಿ ಹೆಚ್ಚಿನವು ಕಾಗದದಲ್ಲಿ ಉಳಿಯಲು ಕಾರಣ ಎಂದು ನನಗೆ ಅನ್ನಿಸಿದೆ.

ಆ ನಿಯಮಗಳೆಲ್ಲ ಹುಟ್ಟಿದ್ದು ದೊಡ್ಡರೋಗದ ಭಯದಿಂದ. ಇಂದಿನ ಯುವ ರೈತರು ಅದನ್ನು ಕಂಡಿಲ್ಲ. ಅಜ್ಜಿಯರ ಬೈಗುಳದಲ್ಲಿ ಮಾತ್ರ ಕೇಳಿರುತ್ತಾರೆ. ಇಂಗ್ಲಿಷರು ರಿಂಡರ್‌ಪೆಸ್ಟ್ ಎಂದು ಕರೆದ ಈ ರೋಗದಲ್ಲಿ ಮೊದಲು ಜೋರು ಜ್ವರ ಬಂದು ದನ ಮೆಲುಕು ನಿಲ್ಲಿಸುತ್ತಿತ್ತು. ಕಣ್ಣು ಮೂಗುಗಳಿಂದ ನೀರು ಸುರಿದು ಕ್ರಮೇಣ ಕೀವಿನಂತೆ ಗಟ್ಟಿಯಾಗುತ್ತಿತ್ತು. ತುಟಿಯ ಒಳಗೆ, ವಸಡಿನ ಮೇಲೆ ತೌಡು ಉದುರಿಸಿದಂತೆ ಬೆಳ್ಳಗಿನ ಪದರ ಕಟ್ಟಿ ಅದರಡಿ ಹುಣ್ಣಾಗುತ್ತಿತ್ತು. ಆಮೇಲೆ ಪಿಚಕಾರಿಯಂತೆ ಚಿಮ್ಮುವ ಭೇದಿ ಹತ್ತಿ, ಮೈಯ ನೀರೆಲ್ಲ ಬಸಿದು, ಹೆಚ್ಚಿನ ದನಗಳು ಆರರಿಂದ ಹನ್ನೆರಡು ದಿನಗಳೊಳಗೆ ಸಾಯುತ್ತಿದ್ದವು.

ಆದರೂ ತಡೆಯುವವನ ದೃಷ್ಟಿಯಿಂದ ಇದು ಸರಳ ರೋಗವೇ ಆಗಿತ್ತು. ರೋಗಿಯ ಉಸಿರು, ಜೊಲ್ಲು, ಸಗಣಿಗಳ ನೇರ ಸಂಪರ್ಕದಿಂದ ಹರಡುತ್ತಿದ್ದ ಈ ವೈರಾಣು ಬಿಸಿಲಿಗೂ ಒಣಗಾಳಿಗೂ ಬೇಗ ಸಾಯುತ್ತಿತ್ತು, ಮತ್ತು ಬದುಕಿ ಉಳಿದ ದನಕ್ಕೆ ಜೀವಮಾನವಿಡೀ ಅದೇ ರೋಗ ಮತ್ತೆ ತಗಲುತ್ತಿರಲಿಲ್ಲ. ಅಂಥ ದನ ರೋಗವನ್ನು ಒಳಗಿಟ್ಟುಕೊಂಡು ಬೇರೆಯವಕ್ಕೆ ಹಂಚುತ್ತಲೂ ಇರಲಿಲ್ಲ. ಹಾಗಾಗಿ ರೋಗಿ ದನವನ್ನು ಮೊದಲ ದಿನವೇ ಬೇರೆ ಕಟ್ಟಿ, ಊರಿನ ದನ ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬಾರದಂತೆ ಕೆಲವು ವಾರ ತಡೆದರೆ, ಔಷಧಿಯೇ ಇಲ್ಲದೆಯೂ ರೋಗ ತಾನಾಗಿ ನಂದಿಹೋಗಬೇಕು. ವೈರಾಣು ಎಂಬ ಮಾತೇ ಇಲ್ಲದ ಕಾಲದಲ್ಲಿ ಸರ್ಕಾರದವರು ಬರೆದ ನಿಯಮಗಳು ಕೂಡ, ಅನುಭವದ ಬಲದಿಂದಲೇ, ಇದನ್ನೇ ಹೇಳಿದವು.

1865ರಲ್ಲಿ ಹಡಗಿನಲ್ಲಿ ಬಂದ ದನಗಳ ಮೂಲಕ ಈ ರೋಗ ಇಂಗ್ಲೆಂಡಿಗೆ ನುಗ್ಗಿತು. ಮರುವರ್ಷ ಅಲ್ಲಿನ ಪಾರ್ಲಿಮೆಂಟು ರೋಗಿ ದನವನ್ನು ಕಡ್ಡಾಯವಾಗಿ ಕೊಲ್ಲುವ ಕಾನೂನು ಮಾಡಿ, ಕೊಂದ ದನಕ್ಕೆ ಒಡೆಯನಿಗೆ ಪರಿಹಾರವನ್ನೂ ಕೊಟ್ಟಿತು. ಅದೇ 1866ರಲ್ಲಿ ಮದ್ರಾಸು ಪ್ರಾಂತ್ಯದಲ್ಲೂ ದನಗಳ ರೋಗದ ಕಾನೂನು ಬಂತು. ರೋಗ ಕಂಡರೆ ಊರ ಮುಖ್ಯಸ್ಥನಿಗೆ ಸುದ್ದಿ ಕೊಡಬೇಕು, ರೋಗಿ ದನವನ್ನು ಬೇರೆ ಇಡಬೇಕು, ಅದನ್ನು ಹಾದಿಯಲ್ಲಾಗಲಿ ಸಂತೆಗಾಗಲಿ ಹೊಡೆದುಕೊಂಡು ಹೋಗಬಾರದು, ಸತ್ತದ್ದನ್ನು ಹೂಳಬೇಕು, ತಪ್ಪಿದರೆ ದಂಡ: ಆ ಕಾಲದ ಇಂಥ ನಿಯಮಗಳೆಲ್ಲದರ ತಿರುಳು ಇಷ್ಟೇ. ಇಂಗ್ಲೆಂಡಿನಲ್ಲಿ ಇದ್ದು ಇಲ್ಲಿಗೆ ಬಾರದೆ ಉಳಿದದ್ದು ಪರಿಹಾರ.

ಮದ್ರಾಸಿನ ಆ ಕಾನೂನು ನಮ್ಮ ಜಿಲ್ಲೆಗೆ ಅನ್ವಯಿಸುತ್ತಲೂ ಇರಲಿಲ್ಲ, ಏಕೆಂದರೆ ಆಗಿನ ಚಿತ್ರದುರ್ಗ ಜಿಲ್ಲೆ, ಅಂದರೆ 1997ರಲ್ಲಿ ಬೇರೆಯಾದ ದಾವಣಗೆರೆಯ ಒಂದು ಭಾಗವೂ ಸೇರಿದಂತೆ, ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ನಕ್ಷೆ ತೆರೆದಿಟ್ಟು ನೋಡಿದರೆ ತೊಡಕು ತಿಳಿಯುತ್ತದೆ. ಮೊಳಕಾಲ್ಮೂರಿನಿಂದ ಪೂರ್ವಕ್ಕೆ ಕಾಲಿಟ್ಟರೆ ರಾಯದುರ್ಗ, ಅದು ಬಳ್ಳಾರಿ ಜಿಲ್ಲೆ, ಮದ್ರಾಸು ಪ್ರಾಂತ್ಯ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಅದು ಧಾರವಾಡ ಜಿಲ್ಲೆ, ಬೊಂಬಾಯಿ ಪ್ರಾಂತ್ಯ. ಮೂರು ಸರ್ಕಾರಗಳ ಗಡಿಗಳು ಒಂದೆರಡು ದಿನದ ದಾರಿಯೊಳಗೆ ಸಿಗುವ ಈ ಸೀಮೆಯಲ್ಲಿ ದನಕ್ಕೆ ಗಡಿ ಎಂಬುದೇ ಇರಲಿಲ್ಲ. ಮಲೆನಾಡಿನ ಅಡಿಕೆ, ಮೆಣಸುಗಳನ್ನು ದೂರದ ವಾಲಾಜಾಪೇಟೆಗೆ ಸಾಗಿಸಿ, ಅಲ್ಲಿಂದ ಮದ್ರಾಸು ಕಡೆಯ ಸರಕನ್ನು ತರುತ್ತಿದ್ದ ದಾವಣಗೆರೆ ವರ್ತಕರ ವ್ಯಾಪಾರ ನಿಂತದ್ದೇ ಹೇರೆತ್ತುಗಳ ಬೆನ್ನಿನ ಮೇಲೆ ಮತ್ತು ಗಾಡಿಗಳ ಮೇಲೆ. 1868ರಲ್ಲಿ ಹರಿಹರದ ಸೇತುವೆ ಮುಗಿದ ಮೇಲೆ ಹೊಳೆ ತುಂಬಿದ ದಿನಗಳಲ್ಲೂ ಗಾಡಿ ದಾಟತೊಡಗಿದವು. ಮಳೆಗಾಲದಲ್ಲಿ ಹೊಳೆಯೇ ಹಾಕುತ್ತಿದ್ದ ದಿಗ್ಬಂಧನವನ್ನು ಸರ್ಕಾರ ಖರ್ಚು ಮಾಡಿ ತೆಗೆದುಹಾಕಿತು ಎಂದು ನಾನು ಸ್ನೇಹಿತರ ನಡುವೆ ತಮಾಷೆ ಮಾಡುವುದುಂಟು. ರೋಗದ ಲೆಕ್ಕದಲ್ಲಿ ಅದು ಪೂರ್ತಿ ತಮಾಷೆಯಲ್ಲ.

ಹ್ಯಾಲೆನ್ ಎಂಬ ಪಶುವೈದ್ಯಾಧಿಕಾರಿಯ ಮುಂದಾಳತ್ವದಲ್ಲಿ ಭಾರತ ಸರ್ಕಾರ ನೇಮಿಸಿದ ದನಗಳ ಪಿಡುಗಿನ ಆಯೋಗ 1871ರಲ್ಲಿ ವರದಿ ಕೊಟ್ಟಿತು. ಈ ದೇಶದ ದನಗಳನ್ನು ಕೊಲ್ಲುತ್ತಿರುವುದು ಯುರೋಪಿನ ರಿಂಡರ್‌ಪೆಸ್ಟೇ ಎಂಬುದು ಅದರಿಂದ ಗಟ್ಟಿಯಾಯಿತು. ಇಂಗ್ಲೆಂಡಿನಂತೆ ಕೊಂದು ತಡೆಯುವುದು ಹಿಂದೂಗಳ ನಾಡಿನಲ್ಲಿ ಆಗದ ಮಾತು, ಆದ್ದರಿಂದ ಬೇರ್ಪಡಿಸುವುದೊಂದೇ ದಾರಿ ಎಂಬುದರಲ್ಲಿ ಅಧಿಕಾರಿಗಳಿಗೆ ಹೆಚ್ಚು ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಬೇರ್ಪಡಿಸಲು ಬೇಕಾದ ಜನ, ಹಣ ಯಾವುದನ್ನೂ ಸರ್ಕಾರ ಒದಗಿಸಲಿಲ್ಲ. ಅದೇ ಸರ್ಕಾರ ಕುದುರೆಗಳ ಗ್ಲ್ಯಾಂಡರ್ಸ್ ರೋಗಕ್ಕೆ 1879ರಲ್ಲೇ ಕಾನೂನು ತಂದು, 1899ರಲ್ಲಿ ಅದನ್ನು ಹೊಸದಾಗಿ ಬರೆದು, 1910ರಲ್ಲಿ ಕುದುರೆಗಳ ಇನ್ನೊಂದು ರೋಗವಾದ ಡೌರೀನ್‌ಗೂ ಬೇರೆ ಕಾನೂನು ಮಾಡಿತು. ಹೊರದೇಶದಿಂದ ಬರುವ ಪ್ರಾಣಿಗಳ ಮೇಲಿನ ನಿರ್ಬಂಧಕ್ಕೆ 1898ರಲ್ಲಿ ಕಾನೂನಾಯಿತು. ಉಳುವ ಎತ್ತಿಗೆ, ಕರೆಯುವ ಹಸುವಿಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ಅಂಟುರೋಗ ಕಾನೂನು ಬಂದದ್ದು 2009ರಲ್ಲಿ! ಕುದುರೆ ದಂಡಿನದು, ಎತ್ತು ರೈತನದು ಎಂಬುದಲ್ಲದೆ ಇದಕ್ಕೆ ಬೇರೆ ವಿವರಣೆ ನನಗೆ ಕಾಣುವುದಿಲ್ಲ. ದಂಡಿನ ತೋಪುಗಳನ್ನು ಎಳೆಯುತ್ತಿದ್ದ ಅಮೃತಮಹಲ್ ಹಿಂಡನ್ನೇ 1860ರಲ್ಲಿ ಖರ್ಚು ಉಳಿಸಲೆಂದು ಮಾರಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಲು ಹೊರಟದ್ದು ಕೂಡ ದಂಡಿಗೆ ಎತ್ತು ಸಿಗದೆ ಹೋದಾಗ.

ಇನ್ನು ಹಳ್ಳಿಯ ಕಡೆಯಿಂದ ನೋಡೋಣ. ಸುದ್ದಿ ಮೊದಲು ಮುಟ್ಟಬೇಕಾದದ್ದು ಪಟೇಲನಿಗೆ. ಪಟೇಲ ಶಾನುಭೋಗರಿಂದ ಬರೆಸಿ ತಾಲ್ಲೂಕಿನ ಅಮಲ್ದಾರರ ಕಚೇರಿಗೆ ಕಳಿಸಬೇಕು. ಪಟೇಲನ ಕೊಟ್ಟಿಗೆಯಲ್ಲೂ ದನಗಳಿರುತ್ತಿದ್ದವು, ಸಂತೆ ನಿಂತರೆ ಅವನಿಗೂ ನಷ್ಟವೇ. ಕಚೇರಿಯಿಂದ ಬರುವವನ ಕೈಯಲ್ಲಿ ಔಷಧವಿಲ್ಲ, ಹಣವಿಲ್ಲ, ಇರುವುದು ಆದೇಶ ಮಾತ್ರ. ಬರಗಾಲದಲ್ಲಂತೂ ಆ ಆದೇಶವನ್ನು ಪಾಲಿಸುವುದೇ ಅಪಾಯವಾಗಿತ್ತು: ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಚಳ್ಳಕೆರೆ, ಹಿರಿಯೂರು ಕಡೆಯಲ್ಲಿ ಹುಲ್ಲು ಮುಗಿದಾಗ ಮಂದೆಯನ್ನು ಪಡುವಣಕ್ಕೆ, ಹೊಳೆಸಾಲಿನ ಕಡೆಗೆ ಹೊಡೆದುಕೊಂಡು ಹೋಗದಿದ್ದರೆ ರೋಗಕ್ಕಿಂತ ಮೊದಲು ಹಸಿವೇ ಕೊಲ್ಲುತ್ತಿತ್ತು. ಮ್ಯಾಸ ಬೇಡರ ದೇವರೆತ್ತುಗಳನ್ನು ಕಾಯುವ ಕಿಲಾರಿಗೆ, ಕಾಡುಗೊಲ್ಲರ ದನಗಾಹಿಗೆ ಮಂದೆಯೊಂದಿಗೆ ನಡೆಯುವುದೇ ಬದುಕು. ಸಾಗಣೆ ನಿಷೇಧ ಎಂಬ ಮಾತು ಅವರಿಗೆ ಉಣ್ಣಬೇಡ ಎಂದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಹೂಳುವ ನಿಯಮದಲ್ಲಿ ಇನ್ನೊಂದು ಮುಳ್ಳಿತ್ತು. ಸತ್ತ ದನದ ಚರ್ಮ ಊರಿನ ಚರ್ಮಕಾರ ಕುಟುಂಬಗಳಿಗೆ ರೂಢಿಯಿಂದ ಬಂದ ಹಕ್ಕು; ಅದರ ಬದಲಿಗೆ ಅವರು ರೈತರಿಗೆ ಮಿಣಿ, ಬಾರು, ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲ, ಮೆಟ್ಟು ಮಾಡಿಕೊಡುತ್ತಿದ್ದರು. ಚರ್ಮ ಸಮೇತ ಹೂಳಿ ಎಂದರೆ ಅವರ ವರ್ಷದ ದುಡಿಮೆಯನ್ನೇ ಮಣ್ಣಿಗೆ ಹಾಕಿದಂತೆ. ಉತ್ತರ ಹಿಂದೂಸ್ಥಾನದ ಅಧಿಕಾರಿಗಳಂತೂ ಚರ್ಮದ ಆಸೆಗೆ ಇವರೇ ದನಗಳಿಗೆ ಪಾಷಾಣ ಹಾಕುತ್ತಾರೆ ಎಂದು ಇಡೀ ಜಾತಿಯನ್ನೇ ಸಂಶಯದಿಂದ ಕಂಡರು. ಎಲ್ಲೋ ಕೆಲವು ಕಡೆ ವಿಷ ಹಾಕಿದ್ದಿರಬಹುದು. ಆದರೆ ಪಿಡುಗಿನಿಂದ ಸತ್ತ ದನಗಳ ಲೆಕ್ಕವನ್ನು ಬಡವರ ತಲೆಗೆ ಕಟ್ಟುವುದು ಸರ್ಕಾರಕ್ಕೆ ಸುಲಭವೂ ಆಗಿತ್ತು.

ಹಾಗೆಂದು ಜನರಲ್ಲಿ ತಮ್ಮದೇ ಬಗೆಯ ಕಟ್ಟುಪಾಡು ಇರಲಿಲ್ಲವೆಂದಲ್ಲ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಹಳ್ಳಿಗಳಲ್ಲಿ ಇಂದಿಗೂ ನಡೆಯುವ ಹೊರಬೀಡಿನಲ್ಲಿ ಊರವರೆಲ್ಲ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಒಂದು ದಿನ ಊರ ಹೊರಗೆ ಅಡಿಗೆ ಮಾಡಿ ಉಣ್ಣುತ್ತಾರೆ. ಪಶುವೈದ್ಯನಾಗಿ ನನಗೆ ಆ ಖಾಲಿ ಕೊಟ್ಟಿಗೆ ಇಷ್ಟವಾಗುತ್ತದೆ, ಆದರೆ ಊರಿನ ದನಗಳೆಲ್ಲ ಒಂದೇ ತೋಪಿನಲ್ಲಿ ಮೈಗೆ ಮೈ ತಾಗಿ ನಿಲ್ಲುವುದು ಕಂಡಾಗ ಎದೆ ಹೊಡೆದುಕೊಳ್ಳುತ್ತದೆ. ಮಾರಿಯನ್ನು ಸೀಮೆ ದಾಟಿಸಿ ಪಕ್ಕದ ಊರಿನ ಗಡಿಯಲ್ಲಿ ಬಿಟ್ಟು ಬರುವ ಪದ್ಧತಿಯನ್ನು ನಾನು ಅಷ್ಟು ಮೆಚ್ಚಲಾರೆ.

ಪರಿಸ್ಥಿತಿ ಬದಲಾದದ್ದು ಪ್ರಯೋಗಶಾಲೆಯಿಂದ. 1889ರಲ್ಲಿ ಪುಣೆಯಲ್ಲಿ ಶುರುವಾದ ಬ್ಯಾಕ್ಟೀರಿಯಾ ಪ್ರಯೋಗಶಾಲೆಯನ್ನು, ರೋಗಾಣು ಹೊರಬಿದ್ದರೂ ಹಾನಿಯಾಗದಷ್ಟು ದೂರ ಇರಲೆಂದು 1893ರಲ್ಲಿ ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಸಾಗಿಸಿದರು. ಜರ್ಮನಿಯ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ 1897ರಲ್ಲಿ ಅಲ್ಲಿಗೆ ಬಂದುಹೋದರು, ಮತ್ತು ಶತಮಾನ ತಿರುಗುವ ಹೊತ್ತಿಗೆ ಅಲ್ಲಿ ದೊಡ್ಡರೋಗಕ್ಕೆ ಸೀರಂ, ಅಂದರೆ ರೋಗ ಗೆದ್ದ ದನದ ರಕ್ತದಿಂದ ತೆಗೆದ ರಕ್ಷಕ ದ್ರವ, ತಯಾರಾಗತೊಡಗಿತು. ಮೈಸೂರು ಸಂಸ್ಥಾನ ತನ್ನದೇ ಸೀರಂ ಸಂಸ್ಥೆಯನ್ನು ಬೆಂಗಳೂರಿನಲ್ಲಿ 1925ರಲ್ಲಿ ತೆರೆಯಿತು. ಇಂದು ಹೆಬ್ಬಾಳದಲ್ಲಿರುವ ಪಶು ಲಸಿಕಾ ಸಂಸ್ಥೆ ಅದೇ. ಸೀರಂ ಒಂದನ್ನೇ ಚುಚ್ಚಿದರೆ ರಕ್ಷಣೆ ಹೆಚ್ಚೆಂದರೆ ಎರಡು ವಾರ, ಆದರೆ ರೋಗ ಬಿದ್ದ ಊರಿನಲ್ಲಿ ಅಷ್ಟೇ ಸಾಕಾಗುತ್ತಿತ್ತು. ಸೀರಂ ಜೊತೆಗೆ ರೋಗಿಯ ರಕ್ತವನ್ನೂ ಚುಚ್ಚಿದರೆ ದನಕ್ಕೆ ಸಣ್ಣಗೆ ಜ್ವರ ಬಂದು ಜೀವಮಾನದ ರಕ್ಷಣೆ ಸಿಗುತ್ತಿತ್ತು, ಅಳತೆ ತಪ್ಪಿದರೆ ಅದೇ ದನದಿಂದ ಪಿಡುಗು ಶುರುವಾಗುವ ಅಪಾಯವೂ ಇತ್ತು. 1920ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಆಡುಗಳಲ್ಲಿ ಬೆಳೆಸಿ ಪಳಗಿಸಿದ ವೈರಾಣುವಿನಿಂದ ಆ ತೊಂದರೆ ಬಹುಮಟ್ಟಿಗೆ ಹೋಯಿತು.

ಸುದ್ದಿ ಕೊಟ್ಟ ರೈತನಿಗೆ ಇದರಿಂದ ಮೊದಲ ಬಾರಿಗೆ ಏನೋ ಸಿಗತೊಡಗಿತು. ಪಕ್ಕದವನ ದನ ಬಿದ್ದಿದೆ ಎಂದು ಹೇಳಿಕಳಿಸಿದರೆ ಸೂಜಿ ಹಿಡಿದವನೊಬ್ಬ ಬಂದು ತನ್ನ ದನ ಉಳಿಸುತ್ತಾನೆ ಎಂದಾದಾಗ, 1866ರ ಮಾದರಿಯ ಅದೇ ಹಳೆಯ ನಿಯಮಕ್ಕೆ ಜೀವ ಬಂತು.

ಒಂದು ರೋಗಕ್ಕೆ ಹೊಂದಿದ ನಿಯಮ ಎಲ್ಲಕ್ಕೂ ಹೊಂದುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ನೆರಡಿ (ಆಂಥ್ರಾಕ್ಸ್) ರೋಗದಲ್ಲಿ ದನ ಸಂಜೆ ಮೇದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ, ಬೇರೆ ಕಟ್ಟಲು ಸಮಯವೇ ಇರುವುದಿಲ್ಲ. ಅಲ್ಲಿ ಮುಖ್ಯವಾದದ್ದು ಹೆಣವನ್ನು ಕೊಯ್ಯದೆ ಆಳವಾಗಿ ಸುಣ್ಣ ಹಾಕಿ ಹೂಳುವುದು, ಏಕೆಂದರೆ ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಕಾದಿರುತ್ತದೆ. ಕಾಲುಬಾಯಿ ಜ್ವರಕ್ಕೆ ಗಾಳಿ, ಬಟ್ಟೆ, ಗಾಡಿ ಚಕ್ರ ಎಲ್ಲವೂ ವಾಹನ. ಚರ್ಮಗಂಟನ್ನು ನೊಣ, ಸೊಳ್ಳೆ, ಉಣ್ಣೆಗಳು ಹೊತ್ತು ತರುವುದರಿಂದ ಸಂತೆ ನಿಲ್ಲಿಸಿದರೂ ಅದು ಬೇಲಿ ಹಾರುತ್ತದೆ.

ಕೊನೆಗೆ ದೊಡ್ಡರೋಗ ಹೋದದ್ದು ಲಸಿಕೆಯಿಂದ. 1954ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, 1995ರಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು, 2006ರಲ್ಲಿ ಭಾರತ ರೋಗಮುಕ್ತವೆಂದು ಘೋಷಣೆಯಾಯಿತು, 2011ರಲ್ಲಿ ಇಡೀ ಜಗತ್ತು.

ಹಿತ್ತಲಿನ ಎತ್ತಿನ ಕಥೆಗೆ ಮರಳುತ್ತೇನೆ. ಚರ್ಮಗಂಟಿನಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವೆಂದು ರಾಜ್ಯ ಸರ್ಕಾರ ಆಗ ಪ್ರಕಟಿಸಿತ್ತು, ಮತ್ತು ಆ ಸುದ್ದಿ ಹಬ್ಬಿದ ಮೇಲೆ ನನ್ನ ಫೋನು ಹೆಚ್ಚು ಬಡಿದುಕೊಂಡದ್ದನ್ನು ನಾನೇ ಬಲ್ಲೆ. ಅದನ್ನು ಆ ಯಜಮಾನರಿಗೆ ವಿವರಿಸಿದೆ. ಅವರು ತಾಟನ್ನು ಮತ್ತೆ ಎತ್ತಿನ ಮೈಮೇಲೆ ಎಳೆದು, ಅಂಚು ಸರಿಮಾಡುತ್ತಾ, "ಸತ್ರೆ ಮೂವತ್ ಸಾವ್ರ. ಬದುಕಿದ್ರೆ ಸಾರ್?" ಎಂದರು. ಎತ್ತು ಬದುಕಿತು. ಮುಂಗಾಲಿನ ಊತ ಇಳಿಯಲು ತಿಂಗಳುಗಳೇ ಹಿಡಿದವು, ಆ ಸುಗ್ಗಿಯಲ್ಲಿ ಅವರು ಶೇಂಗಾ ಬಳ್ಳಿಯನ್ನು ಬಾಡಿಗೆ ಜೋಡಿಯಿಂದ ಸಾಗಿಸಿದರು. ಅದಕ್ಕೆ ತುಂಬಿಕೊಡುವ ನಮೂನೆ ಯಾವುದೂ ನನ್ನ ಚೀಲದಲ್ಲಿ ಇರಲಿಲ್ಲ.